ಬ್ಯಾಸ್ ಗಾಳ, ಪುಟ್ಟ ದೋಣಿ: ತೂಕದ ಲೆಕ್ಕ ತಪ್ಪಿದಲ್ಲೇ ತೊಡಕು

ಅಮೆರಿಕದ ಕೆರೆಗಳಲ್ಲಿ ಬ್ಯಾಸ್ ಮೀನಿಗೆ ಗಾಳ ಹಾಕುವ ಹವ್ಯಾಸ ಹಿಡಿದ ಕನ್ನಡಿಗರ ಪ್ರಶ್ನೆಗಳಲ್ಲಿ ಈ ಸಲ ಐದನ್ನು ಆರಿಸಿಕೊಂಡಿದ್ದೇವೆ. ಅಂಗಡಿಯವರು ಇನ್ನೊಂದು ಹೊಸ ರೀಲ್ ಕೊಳ್ಳಿ ಎನ್ನುವ ಮುಂಚೆ ಇವನ್ನು ಓದಿ.

ಬೇಟ್‌ಕಾಸ್ಟರ್ ರೀಲ್ ಕೊಂಡು ಒಂದು ತಿಂಗಳಾಯಿತು. ಮೂರು ಎಸೆತಕ್ಕೊಮ್ಮೆ ದಾರ ಸಿಕ್ಕಾಗಿ ಗೀಜಗನ ಗೂಡಾಗುತ್ತದೆ. ಬ್ರೇಕ್ ಪೂರ್ತಿ ಬಿಗಿ ಮಾಡಿದರೂ ಅದೇ ಕಥೆ. ರೀಲೇ ಕೆಟ್ಟದ್ದಿರಬಹುದೇ?
*— ಪ್ಲೇನೊ, ಟೆಕ್ಸಸ್*

ರೀಲ್ ಚೆನ್ನಾಗಿಯೇ ಇರಬೇಕು. ಇಂಥ ರೀಲಿನಲ್ಲಿ ಎಸೆದಾಗ ದಾರ ಸುತ್ತಿದ ಉರುಳೆಯೇ, ಅಂದರೆ ಸ್ಪೂಲೇ, ತಿರುಗುತ್ತದೆ. ದಾರ ಹೊರಗೆ ಹೋಗುವ ವೇಗಕ್ಕಿಂತ ಸ್ಪೂಲ್ ತಿರುಗುವ ವೇಗ ಹೆಚ್ಚಾದಾಗ ಈ ಸಿಕ್ಕು ಬೀಳುತ್ತದೆ. ಅದು ಮೂರು ಗಳಿಗೆಯಲ್ಲಿ ಆಗುತ್ತದೆ: ಗಾಳದ ಕಡ್ಡಿಯನ್ನು ಜಗ್ಗನೆ ಬೀಸಿದಾಗ, ನಡು ಹಾರಾಟದಲ್ಲಿ ಎದುರುಗಾಳಿ ಲೂರನ್ನು (ದಾರದ ತುದಿಗೆ ಕಟ್ಟುವ ನಕಲಿ ಎರೆಯನ್ನು) ತಡೆದಾಗ, ಲೂರ್ ನೀರಿಗೆ ಬಿದ್ದ ಮೇಲೂ ಸ್ಪೂಲ್ ತಿರುಗುತ್ತಲೇ ಇದ್ದಾಗ.

ಮೊದಲು ಕಡ್ಡಿಯ ಹಿಡಿಯ ಮೇಲ್ಗಡೆ ಬರೆದಿರುವ ಸಣ್ಣ ಅಕ್ಷರ ಓದಿ. ಏಳಡಿ ಮೀಡಿಯಂ ಹೆವಿ (ತುಸು ಗಡುಸಾದ) ಕಡ್ಡಿಯಲ್ಲಿ ಸಾಮಾನ್ಯವಾಗಿ ಕಾಲು ಔನ್ಸ್‌ನಿಂದ ಮುಕ್ಕಾಲು ಔನ್ಸ್ ಎಂಬಂಥ ಲೂರ್ ತೂಕದ ಮಿತಿ ಇರುತ್ತದೆ. ನೀವು ಅದಕ್ಕೆ ಸೀಸವೇ ಇಲ್ಲದ ಪುಟ್ಟ ರಬ್ಬರ್ ಹುಳು ಕಟ್ಟಿ ಎಸೆಯುತ್ತಿದ್ದರೆ ಕಡ್ಡಿ ಬಾಗುವುದಿಲ್ಲ. ಬಾಗದ ಕಡ್ಡಿ ಲೂರನ್ನು ದೂಡುವುದೂ ಇಲ್ಲ. ಆಗ ತೋಳು ತಾನಾಗಿ ಜೋರು ಮಾಡುತ್ತದೆ, ಸ್ಪೂಲ್ ಚಿಮ್ಮುತ್ತದೆ. ಅಂಥ ಹಗುರ ಲೂರ್‌ಗಳಿಗೆ ಎಸೆಯುವಾಗ ಸ್ಪೂಲ್ ತಿರುಗದ ಸ್ಪಿನ್ನಿಂಗ್ ರೀಲ್ ಇದೆ. ಬೇಟ್‌ಕಾಸ್ಟರ್ ಕಲಿಯಲು ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಗುವ, ಕೊಕ್ಕೆ ತೆಗೆದ ಲೂರನ್ನು ಹುಲ್ಲುಹಾಸಿನ ಮೇಲೆ ಎಸೆದು ಅಭ್ಯಾಸ ಮಾಡಿ.

ಇನ್ನು ತಿರುಪುಗಳು. ಹ್ಯಾಂಡಲ್ ಪಕ್ಕದಲ್ಲಿರುವ ಪುಟ್ಟ ಗುಂಡಿ ಸ್ಪೂಲ್ ಟೆನ್ಶನ್, ಸ್ಪೂಲಿನ ಬಿಗಿತ ಹೊಂದಿಸುವಂಥದ್ದು. ಇದನ್ನು ಮರೆಯುವವರೇ ಹೆಚ್ಚು. ಲೂರನ್ನು ತುದಿಯಿಂದ ಒಂದು ಗೇಣು ಕೆಳಗೆ ಬಿಟ್ಟು ಕಡ್ಡಿಯನ್ನು ಓರೆಯಾಗಿ ಎತ್ತಿ ಹಿಡಿಯಿರಿ, ಸ್ಪೂಲನ್ನು ಸಡಿಲ ಬಿಡುವ ಹೆಬ್ಬೆರಳಿನ ಪಟ್ಟಿ ಒತ್ತಿ. ಲೂರ್ ನಿಧಾನಕ್ಕೆ ಇಳಿದು ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಮುಟ್ಟಿದ ಮೇಲೂ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದರೆ ಗುಂಡಿಯನ್ನು ಚೂರು ಬಿಗಿ ಮಾಡಿ. ಲೂರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಕಾಲು ಔನ್ಸಿಗೆ ಹೊಂದಿಸಿದ್ದು ಮುಕ್ಕಾಲು ಔನ್ಸಿಗೆ ಆಗದು. ಆಮೇಲೆ ಇನ್ನೊಂದು ಪಕ್ಕದ ಮ್ಯಾಗ್ನೆಟ್ ಬ್ರೇಕನ್ನು ಹತ್ತರಲ್ಲಿ ಎಂಟಕ್ಕೆ ಇಟ್ಟು ಶುರು ಮಾಡಿ. ಹತ್ತು ಎಸೆತ ಸಿಕ್ಕಿಲ್ಲದೆ ಹೋದರೆ ಒಂದು ಅಂಕೆ ಇಳಿಸಿ.

ದಾರ ಸ್ಪೂಲಿನ ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗೇ ನಿಲ್ಲಬೇಕು. ತುಂಬಿ ತುಳುಕುವ ಸ್ಪೂಲ್ ಯಾವ ಬ್ರೇಕಿಗೂ ಬಗ್ಗುವುದಿಲ್ಲ. ಹೆಬ್ಬೆರಳು ದಾರದ ಮೇಲೆ ಸುಮ್ಮನೆ ಸವರುತ್ತಿರಲಿ, ಲೂರ್ ನೀರು ಮುಟ್ಟುವ ಗಳಿಗೆಗೆ ಸರಿಯಾಗಿ ಒತ್ತಲಿ. ಇದೊಂದನ್ನು ಯಾವ ದುಬಾರಿ ರೀಲೂ ನಿಮ್ಮ ಪರವಾಗಿ ಮಾಡಿಕೊಡದು.

ಸಿಕ್ಕು ಬಿದ್ದೇ ಬಿಟ್ಟರೆ ಉಗುರಿನಿಂದ ಕೀಳಬೇಡಿ. ಗೋಜಲಿನ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿ ಹಿಡಿದು ಹ್ಯಾಂಡಲನ್ನು ಎರಡು ಸುತ್ತು ತಿರುಗಿಸಿ. ಮೇಲೆದ್ದ ಕುಣಿಕೆಗಳು ಚಪ್ಪಟೆಯಾಗುತ್ತವೆ. ಆಮೇಲೆ ಪಟ್ಟಿ ಒತ್ತಿ ದಾರವನ್ನು ಮೆಲ್ಲಗೆ ಎಳೆಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ ಬಹುಪಾಲು ಬಿಟ್ಟುಕೊಳ್ಳುತ್ತದೆ. ಬಿಡಿಸಿದ ಮೇಲೆ ದಾರವನ್ನು ಬೆರಳ ನಡುವೆ ಓಡಿಸಿ ನೋಡಿ. ಮಡಿಕೆ ಬಿದ್ದ ಜಾಗ ಉಗುರಿಗೆ ತಡೆಯುತ್ತದೆ. ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರವಾದರೆ ಅಲ್ಲಿಂದಾಚೆಗಿನದನ್ನು ಕತ್ತರಿಸಿ ಎಸೆಯಿರಿ, ದೊಡ್ಡ ಮೀನು ಕಚ್ಚಿದ ದಿನ ತುಂಡಾಗುವುದು ಅಲ್ಲೇ.

12 ಪೌಂಡ್ ಎಳೆತ ತಾಳುವ ಫ್ಲೋರೋಕಾರ್ಬನ್ ದಾರ ಹಾಕಿದ್ದೇನೆ. ಎರಡು ಪೌಂಡೂ ಇರದ ಮೀನು ಎರಡು ಸಲ ದಾರ ಕಿತ್ತುಕೊಂಡು ಹೋಯಿತು. ದಾರ ಕಳಪೆಯೇ?
*— ಆಸ್ಟಿನ್, ಟೆಕ್ಸಸ್*

ಉಳಿದ ದಾರದ ತುದಿಯೇ ಉತ್ತರ ಹೇಳುತ್ತದೆ, ಅದನ್ನು ಎಸೆಯಬೇಡಿ. ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ. ತುದಿಯ ಮೇಲ್ಗಡೆ ಒಂದೆರಡಡಿ ದಾರ ಬೆಳ್ಳಗಾಗಿ ಒರಟಾಗಿದ್ದರೆ ಬಂಡೆಗೋ ಮರದ ಬುಡಕ್ಕೋ ಉಜ್ಜಿದೆ. ದಾರ ನುಣುಪಾಗಿಯೇ ಇದ್ದು ಗಂಟಿನ ಹತ್ತಿರ ಪಟ್ಟನೆ ತುಂಡಾಗಿದ್ದರೆ ಗಂಟು ಬಿಗಿಯುವಾಗಲೇ ಸುಟ್ಟಿದೆ.

ನಿಮ್ಮದು ಮೂರನೆಯದೇ ಇರಬೇಕು. ಒಣ ಫ್ಲೋರೋಕಾರ್ಬನ್ ಗಂಟನ್ನು ಸರ್ರನೆ ಎಳೆದರೆ ಉಜ್ಜಾಟದ ಬಿಸಿಗೆ ದಾರದ ಮೈ ಕೆಡುತ್ತದೆ. ಎಂಜಲು ಹಚ್ಚಿ, ನಿಧಾನಕ್ಕೆ ಬಿಗಿಯಿರಿ. ಪಾಲೋಮರ್ ಎಂಬ ಜೋಡಿ ಎಳೆಯ ಗಂಟಾದರೆ ಕೊಕ್ಕೆಯ ಕಣ್ಣಿನೊಳಗೆ ಹೋಗುವ ಎರಡು ಎಳೆಗಳು ಪಕ್ಕಪಕ್ಕದಲ್ಲಿರಬೇಕು. ಒಂದರ ಮೇಲೊಂದು ಹತ್ತಿದರೆ ಮೇಲಿನದು ಕೆಳಗಿನದನ್ನು ಕೊಯ್ಯುತ್ತದೆ. ಬಿಗಿದ ಮೇಲೆ ಲೂರನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಜಗ್ಗಿ. ಹೋಗುವುದಿದ್ದರೆ ಮನೆಯಲ್ಲೇ ಹೋಗಲಿ.

ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲ್ ದಾರ ಬಿಟ್ಟುಕೊಡುವ ಬಿಗಿತವನ್ನೂ ನೋಡಿ. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡುವುದು ವಾಡಿಕೆ. 12 ಪೌಂಡಿಗೆ ಮೂರ್ನಾಲ್ಕು ಪೌಂಡ್ ಆಯಿತು. ತೂಗುವ ಕೈತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ ಎಳೆದರೆ ಲೆಕ್ಕ ಸಿಗುತ್ತದೆ. ಕಡ್ಡಿಯ ಉಂಗುರಗಳೊಳಗೆ ಒಂದು ಚೂರು ಹತ್ತಿ ಓಡಿಸಿ; ಎಳೆ ಸಿಕ್ಕಿಕೊಂಡ ಕಡೆ ಉಂಗುರ ಬಿರಿದಿದೆ ಎಂದರ್ಥ.

14 ಅಡಿಯ ಅಲ್ಯೂಮಿನಿಯಂ ಜಾನ್ ಬೋಟ್ (ಚಪ್ಪಟೆ ತಳದ ದೋಣಿ), 12 ವೋಲ್ಟಿನ, 55 ಪೌಂಡ್ ನೂಕುಬಲದ ಟ್ರೋಲಿಂಗ್ ಮೋಟರ್ (ದೋಣಿ ನಡೆಸುವ ಪುಟ್ಟ ವಿದ್ಯುತ್ ಮೋಟರ್), 100 ಆಂಪಿಯರ್-ಗಂಟೆಯ ಮಾಮೂಲಿ ಬ್ಯಾಟರಿ. ಒಂದೂವರೆ ಗಂಟೆಗೆ ಬ್ಯಾಟರಿ ಸುಸ್ತು. ಒಮ್ಮೊಮ್ಮೆ ಬ್ರೇಕರ್ ಬೀಳುತ್ತದೆ, ವೈರ್ ಕೈಗೆ ಬಿಸಿ ತಾಗುತ್ತದೆ. ಇನ್ನೂ ದೊಡ್ಡ ಮೋಟರ್ ಹಾಕಿದರೆ ಸರಿಹೋದೀತೇ? ಲೇಕ್ ಸೇಂಟ್ ಕ್ಲೇರ್‌ಗೆ ಒಯ್ಯುವ ಆಸೆಯೂ ಇದೆ.
*— ಡೆಟ್ರಾಯಿಟ್ ಹೊರವಲಯ, ಮಿಷಿಗನ್*

ದೊಡ್ಡ ಮೋಟರ್ ಬೇಡ. ಪ್ರತಿ 100 ಪೌಂಡ್ ತೂಕಕ್ಕೆ ಎರಡು ಪೌಂಡ್ ನೂಕುಬಲ ಸಾಕು ಎಂಬುದು ಎಲ್ಲರೂ ಹಿಡಿಯುವ ಲೆಕ್ಕ. ದೋಣಿ 230, ಇಬ್ಬರು 340, ಬ್ಯಾಟರಿ 65, ಮೋಟರ್ 35, ಸಾಮಾನು 60 ಎಂದಿಟ್ಟುಕೊಂಡರೆ 730 ಪೌಂಡ್. ಬೇಕಿರುವುದು ಹದಿನೈದೇ ಪೌಂಡ್. ಗಾಳಿ, ಪಾಚಿ ಸೇರಿಸಿದರೂ 55 ಧಾರಾಳ. ನೂಕುಬಲ ಹೆಚ್ಚಿದರೆ ವೇಗ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಈ ಮೋಟರ್‌ಗಳ ಓಟ ಹೆಚ್ಚೆಂದರೆ ಗಂಟೆಗೆ ಮೂರ್ನಾಲ್ಕು ಮೈಲಿ.

ಪೂರ್ತಿ ವೇಗದಲ್ಲಿ ನಿಮ್ಮ ಮೋಟರ್ ಎಳೆಯುವುದು ಸುಮಾರು 50 ಆಂಪಿಯರ್. ಕಾಗದದ ಮೇಲೆ 100 ಭಾಗಿಸು 50, ಎರಡು ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಆಯಸ್ಸು ತಗ್ಗುತ್ತದೆ, ಜೊತೆಗೆ ಜೋರಾಗಿ ಎಳೆದಷ್ಟೂ ಅದು ಕೊಡುವ ಒಟ್ಟು ಕರೆಂಟೇ ಕಮ್ಮಿ. ಹಾಗಾಗಿ ಒಂದೂವರೆ ಗಂಟೆ ಬಂದದ್ದು ದೊಡ್ಡದೇ. ಅರ್ಧ ವೇಗದಲ್ಲಿ ಓಡಿಸಿ, ಕಾಲ ಎರಡು ಪಟ್ಟಿಗಿಂತಲೂ ಹೆಚ್ಚು ಸಿಗುತ್ತದೆ. ಬ್ಯಾಟರಿಯ ಮೇಲೆ ಡೀಪ್ ಸೈಕಲ್ (ಬಹಳ ಹೊತ್ತು ಕರೆಂಟ್ ಕೊಡುವ ಬಗೆ) ಎಂದಿದೆಯೇ ನೋಡಿ. ಕಾರು ಶುರು ಮಾಡುವ ಬ್ಯಾಟರಿಯಾದರೆ ಈ ಕೆಲಸಕ್ಕೆ ಆಗದು.

ಬಿಸಿ ವೈರ್ ಮಾತ್ರ ಕಡೆಗಣಿಸುವಂಥದ್ದಲ್ಲ. ಬ್ಯಾಟರಿ ಹಿಂದೆ, ಮೋಟರ್ ದೋಣಿಯ ಮೂತಿಯಲ್ಲಿ ಇದ್ದು ವೈರ್ ತೆಳ್ಳಗಿದ್ದರೆ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. ಹತ್ತಡಿಗೆ 6 ಗೇಜ್, 15 ಅಡಿಗೆ 4 ಗೇಜ್ ತಾಮ್ರದ ವೈರ್ ಹಾಕಿ. ಗೇಜಿನ ಅಂಕೆ ಇಳಿದಷ್ಟೂ ವೈರ್ ದಪ್ಪ. 60 ಆಂಪಿಯರ್ ಬ್ರೇಕರ್ ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ ಕೂರಬೇಕು. ಪರೀಕ್ಷೆ ಹೀಗೆ: ದೋಣಿ ನೀರಿನಲ್ಲಿದ್ದು ಮೋಟರ್ ಪೂರ್ತಿ ಓಡುತ್ತಿರುವಾಗ ಮಲ್ಟಿಮೀಟರಿನಿಂದ ಬ್ಯಾಟರಿ ತುದಿಯಲ್ಲೊಮ್ಮೆ, ಮೋಟರ್ ಪ್ಲಗ್ಗಿನಲ್ಲೊಮ್ಮೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ವೈರ್ ಇಲ್ಲವೇ ಜೋಡಣೆ ಸರಿಯಿಲ್ಲ. ರೆಕ್ಕೆ ನಟ್ಟುಗಳು ಅಲುಗಾಟಕ್ಕೆ ಸಡಿಲವಾಗುತ್ತವೆ, ಸ್ಪ್ಯಾನರ್‌ನಲ್ಲಿ ಬಿಗಿಯುವ ಷಟ್ಕೋನ ನಟ್ಟು ಹಾಕಿ.

ಇನ್ನೊಂದು ಶಂಕೆ. ಬ್ಯಾಟರಿ ಕಳಚಿ, ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದಿನ ದಂಡವನ್ನು ನೋಡಿ. ಹಳೆಯ ಗಾಳದ ದಾರ ಅಲ್ಲಿ ಬಳೆಯಂತೆ ಬಿಗಿದುಕೊಂಡಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಅದು ಮೋಟರನ್ನು ಎಳೆಯುತ್ತದೆ, ಬ್ರೇಕರ್ ಬೀಳಿಸುತ್ತದೆ, ಕೊನೆಗೆ ರಬ್ಬರ್ ಸೀಲ್ ಕೊಯ್ದು ಒಳಗೆ ನೀರು ಬಿಡುತ್ತದೆ. ಒಂದೆರಡು ತಿಂಗಳಿಗೊಮ್ಮೆ ತೆಗೆದು ನೋಡುವುದು ಒಳ್ಳೆಯದು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಹೋದರೆ 65 ಪೌಂಡ್ ಜಾಗದಲ್ಲಿ ಸುಮಾರು 25 ಪೌಂಡ್, ಸಾಮರ್ಥ್ಯವೂ ಹೆಚ್ಚುಕಮ್ಮಿ ಪೂರ್ತಿ ಬಳಕೆಗೆ ಬರುತ್ತದೆ. ಹಳೆಯ ಚಾರ್ಜರ್ ಬೇಡ, ಅದಕ್ಕೆಂದೇ ಇರುವುದನ್ನು ಕೊಳ್ಳಿ. ಮಿಷಿಗನ್ ಚಳಿಯಲ್ಲಿ ಗ್ಯಾರೇಜು ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದನ್ನು ಚಾರ್ಜ್ ಮಾಡಬಾರದು, ಮನೆಯೊಳಗೆ ಇಟ್ಟುಕೊಳ್ಳಿ.

ಸೇಂಟ್ ಕ್ಲೇರ್ ವಿಷಯದಲ್ಲಿ ನಮ್ಮ ಮಾತು ಖಡಾಖಂಡಿತ: ಈ ದೋಣಿಯಲ್ಲಿ ಬಯಲು ನೀರಿಗೆ ಇಳಿಯಬೇಡಿ. ಸರೋವರ ಸುಮಾರು 430 ಚದರ ಮೈಲಿ ಹರಡಿದೆ, ಸರಾಸರಿ ಆಳ ಹನ್ನೊಂದಡಿ ಅಷ್ಟೆ. ಆಳವಿಲ್ಲದ ಅಗಲ ನೀರಿಗೆ ಗಾಳಿ ಬಿದ್ದರೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಜಾನ್ ಬೋಟಿನ ಚಪ್ಪಟೆ ತಳ ಅಲೆಯನ್ನು ಸೀಳುವುದಿಲ್ಲ, ಬಡಿಯುತ್ತದೆ; ತಗ್ಗು ಅಂಚಿನ ಮೇಲೆ ನೀರು ನುಗ್ಗುತ್ತದೆ. ಆಮೇಲೆ ಮೂರು ಮೈಲಿ ವೇಗದ ಮೋಟರಿನಲ್ಲಿ ದಡ ಸೇರಬೇಕು! ಅಲ್ಲಿನ ಸ್ಮಾಲ್‌ಮೌತ್ ಬ್ಯಾಸ್ ಬೇಕೇ ಬೇಕೆಂದರೆ ಗೈಡ್ ಜೊತೆ ಹೋಗಿ. ನಿಮ್ಮ ದೋಣಿಗೆ ಒಳನಾಡಿನ ಚಿಕ್ಕ ಕೆರೆಗಳೇ ಸರಿ. ದೋಣಿಯ ಒಳಮೈಗೆ ಅಂಟಿಸಿದ ತಗಡಿನಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ಇರುತ್ತದೆ. ಆ ತೂಕದಲ್ಲಿ ಬ್ಯಾಟರಿಯೂ ಐಸ್ ಪೆಟ್ಟಿಗೆಯೂ ಸೇರಿವೆ.

ಹೊರಡುವ ಮುಂಚೆ ಡ್ರೈನ್ ಪ್ಲಗ್, ಅಂದರೆ ದೋಣಿಯ ನೀರು ಬಸಿಯುವ ತೂತಿನ ಬಿರಡೆ, ನೋಡಿಕೊಳ್ಳಿ. ಮಿಷಿಗನ್ ಕಾನೂನು 2019ರಿಂದ ದೋಣಿ ಸಾಗಿಸುವಾಗ ಪ್ಲಗ್ ತೆಗೆದು ನೀರು ಬಸಿದಿರಬೇಕು ಎನ್ನುತ್ತದೆ. ಹಾಗಾಗಿ ಪ್ರತಿ ಸಲವೂ ಅದನ್ನು ಮರಳಿ ಹಾಕುವುದು ನಿಮ್ಮದೇ ನೆನಪು. ಗಾಡಿಯ ಕೀ ಗೊಂಚಲಿಗೇ ಪ್ಲಗ್ ಕಟ್ಟಿಕೊಂಡರೆ ಮರೆಯಲು ಸಾಧ್ಯವೇ ಇಲ್ಲ.

ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಊರಿನ ಕೆರೆಯಲ್ಲಿ ಹಿಟ್ಟಿನ ಉಂಡೆ ಹಾಕಿ ಮೀನು ಹಿಡಿದವರು. ಇಲ್ಲಿ ಲೈಸೆನ್ಸ್ ಬೇಕೇ? ಹಿಡಿದದ್ದನ್ನು ಸಾರಿಗೆ ತರಬಹುದೇ?
*— ಫ್ರಿಸ್ಕೊ, ಟೆಕ್ಸಸ್*

17 ತುಂಬಿದವರಿಗೆ ಲೈಸೆನ್ಸ್ ಬೇಕು. ಹೊರಗಿನವರಿಗೆ ಒಂದು ದಿನದ್ದೂ ಸಿಗುತ್ತದೆ. ಟೆಕ್ಸಸ್ ಸ್ಟೇಟ್ ಪಾರ್ಕ್ ಒಳಗೆ ದಡದಲ್ಲಿ ನಿಂತು ಹಿಡಿದರೆ ಲೈಸೆನ್ಸ್ ಬೇಡ, ನಿಮ್ಮ ತಂದೆಯವರಿಗೆ ಅದೇ ಅನುಕೂಲ. ಲಾರ್ಜ್‌ಮೌತ್ ಬ್ಯಾಸ್ ರಾಜ್ಯದ ಸಾಮಾನ್ಯ ನಿಯಮದಂತೆ ಕನಿಷ್ಠ 14 ಇಂಚು, ದಿನಕ್ಕೆ ಐದನ್ನು ಮನೆಗೆ ಒಯ್ಯಬಹುದು. ಬಾಯಿ ಮುಚ್ಚಿಸಿ, ಬಾಲ ಒಟ್ಟುಗೂಡಿಸಿ ಅಳೆಯಬೇಕು. ಕೆಲವು ಕೆರೆಗಳ ನಿಯಮವೇ ಬೇರೆ: ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದನ್ನು ಬಿಡಲೇಬೇಕು. ಟೆಕ್ಸಸ್ ದಾಖಲೆಯ 18.18 ಪೌಂಡ್ ಬ್ಯಾಸ್ 1992ರಲ್ಲಿ ಸಿಕ್ಕಿದ್ದು ಅಲ್ಲೇ.

ಹಿಟ್ಟಿನ ಉಂಡೆಗೆ ಕಾರ್ಪ್ ಬಂದೀತು, ಕ್ಯಾಟ್‌ಫಿಶ್ ಬಂದೀತು, ಬ್ಯಾಸ್ ಮೂಸಿಯೂ ನೋಡದು. ಅದು ನಮ್ಮ ಕಡೆಯ ಕೊರವ ಮೀನಿನ ಹಾಗೆ ಹೊಂಚುಹಾಕಿ ಹಾರುವ ಬೇಟೆಮೀನು, ಅದಕ್ಕೆ ಚಲನೆ ಬೇಕು. ತಂದೆಯವರಿಗೆ ಸ್ಪಿನ್ನಿಂಗ್ ರೀಲ್ ಕೊಡಿ, ಐದಿಂಚಿನ ರಬ್ಬರ್ ಹುಳುವಿನ ನಡುವಿಗೆ ಕೊಕ್ಕೆ ಚುಚ್ಚಿ, ಸೀಸ ಬೇಡ. ಎಸೆದು ಸುಮ್ಮನೆ ಮುಳುಗಲು ಬಿಡಬೇಕು, ದಾರ ಪಕ್ಕಕ್ಕೆ ಸರಿದರೆ ಎಳೆಯಬೇಕು. ಬೆಂಡು ನೋಡಿ ಪಳಗಿದ ಕಣ್ಣಿಗೆ ಇದು ಅರ್ಧ ಗಂಟೆಯ ಕಲಿಕೆ.

ದೋಣಿ ಹತ್ತಿಸುವುದಾದರೆ ಈಜು ಬಾರದವರಿಗೆ ಗಾಳಿ ತುಂಬಿಕೊಳ್ಳುವ ಲೈಫ್ ಜಾಕೆಟ್ ಬೇಡ, ಫೋಮ್ ಜಾಕೆಟ್ಟೇ ಇರಲಿ. ಹೆಗಲ ಪಟ್ಟಿ ಹಿಡಿದು ಮೇಲೆತ್ತಿದರೆ ಗಲ್ಲದವರೆಗೆ ಬರಬಾರದು. ತಾಯಿಯವರು ಸೀರೆಯಲ್ಲಿದ್ದರೆ ಸೆರಗು ಜಾಕೆಟ್ಟಿನ ಒಳಗಿರಲಿ. ಅಂದು ಚೂಡಿದಾರ್ ಹಾಕಿಕೊಂಡರೆ ಇನ್ನೂ ವಾಸಿ. ಟೆಕ್ಸಸ್‌ನಲ್ಲಿ 13 ತುಂಬದ ಮಕ್ಕಳು ಸಣ್ಣ ದೋಣಿ ಚಲಿಸುವಾಗ ಲೈಫ್ ಜಾಕೆಟ್ ತೊಟ್ಟೇ ಇರಬೇಕು.

ಮೂರು ಮುಳ್ಳಿನ ಕೊಕ್ಕೆ ಬೆರಳಿಗೆ ನಾಟಿದರೆ?
*— ಹೆಸರು ಬೇಡ ಎಂದವರು*

ಮೊದಲು ಮೀನನ್ನೋ ಲೂರನ್ನೋ ಕೊಕ್ಕೆಯಿಂದ ಬಿಡಿಸಿ, ಉಳಿದ ಮುಳ್ಳುಗಳನ್ನು ಕಟರ್‌ನಿಂದ ಕತ್ತರಿಸಿ. ಕೊಕ್ಕೆಯ ಬಾಗಿಗೆ ಗಟ್ಟಿ ದಾರದ ಕುಣಿಕೆ ಹಾಕಿ. ಕೊಕ್ಕೆಯ ಕಣ್ಣಿನ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಒಳಗಿನ ಮರುಮುಳ್ಳು (ತುದಿಯ ಹಿಮ್ಮುಖ ಮುಳ್ಳು) ಮಾಂಸದಿಂದ ಸಡಿಲವಾಗುತ್ತದೆ. ಒತ್ತಿ ಹಿಡಿದಂತೆಯೇ, ಹೋದ ದಾರಿಯಲ್ಲೇ ಹಿಂದಕ್ಕೆ ಒಂದೇ ಏಟಿಗೆ ಜಗ್ಗಬೇಕು. ಅಳುಕಿ ಅಳುಕಿ ಎಳೆದರೆ ನೋವೂ ಹೆಚ್ಚು, ಗಾಯವೂ ಹೆಚ್ಚು. ಎದುರಿಗೆ ಯಾರೂ ನಿಂತಿರಬಾರದು, ಕೊಕ್ಕೆ ಹಾರುತ್ತದೆ. ಸೋಪು ನೀರಿನಲ್ಲಿ ತೊಳೆದು, ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಎಂದು ವೈದ್ಯರಿಗೆ ತಿಳಿಸಿ. ಕಣ್ಣಿನ ಹತ್ತಿರ, ಕುತ್ತಿಗೆ ಇಲ್ಲವೇ ಕೀಲಿನಲ್ಲಿ ನಾಟಿದ್ದರೆ ಮುಟ್ಟದೆ ನೇರ ಎಮರ್ಜೆನ್ಸಿಗೆ ಹೋಗಿ. ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ ಇಕ್ಕಳದಿಂದ ಎಲ್ಲ ಮರುಮುಳ್ಳುಗಳನ್ನು ಒತ್ತಿ ಚಪ್ಪಟೆ ಮಾಡಿಡಿ. ದಾರ ಬಿಗಿಯಾಗಿದ್ದರೆ ಮೀನು ತಪ್ಪುವುದು ಅಪರೂಪ.