ಆಟೋಮ್ಯಾಟಿಕ್ ಪೌಡರ್ ಸಿಲಿಂಡರ್‌ಗೆ ವರ್ಷದ ಖರ್ಚು ಎಷ್ಟು ಅಂತ ಕೇಳುವ ಮೊದಲು, ಅದನ್ನು ಎಲ್ಲಿ ತೂಗುಹಾಕಿದ್ದೀರಿ ನೋಡಿ

ಅಡಿಕೆ ಡ್ರೈಯರ್ ಶೆಡ್ಡಿಗೆ ಬೆಂಕಿ ತಾನಾಗಿಯೇ ಆರಿಸುವ ನಾಲ್ಕು ಆಟೋಮ್ಯಾಟಿಕ್ ಪೌಡರ್ ಸಿಲಿಂಡರ್ ಹಾಕಿಸಿದ್ದೀರಿ, ಒತ್ತಡ ತೋರಿಸುವ ಮುಳ್ಳು ಹಸಿರಲ್ಲೇ ಇದೆ, ಆದರೂ ವರ್ಷಾವರ್ಷ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ದುಡ್ಡು ಕೇಳ್ತಾರೆ, ಕೊಡಬೇಕಾ ಅಂತ ನಿಮ್ಮ ಪ್ರಶ್ನೆ. ಓದಿದ ಕೂಡಲೇ ನಮ್ಮ ಶೆಡ್ಡೇ ಕಣ್ಣಮುಂದೆ ಬಂತು. ನಾವೂ ಹೀಗೇ ಎಎಂಸಿ ದುಡ್ಡಿಗೆ ಚೌಕಾಸಿ ಮಾಡುತ್ತಾ ಕೂತಿದ್ದೆವು. ದುಡ್ಡು ಹೋಗಿದ್ದು ಬೇರೆ ಕಡೆಯಿಂದ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಸ್ವಂತ ತೋಟದ ಜೊತೆಗೆ ಅಕ್ಕಪಕ್ಕದವರ ಅಡಿಕೆಯನ್ನೂ ಚೇಣಿಗೆ ಹಿಡಿದು, ಸುಲಿದು, ಬೇಯಿಸಿ, ಒಣಗಿಸಿ ಕೊಡುತ್ತೇವೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ಅಂಗಳ ನೆಚ್ಚಿಕೊಂಡು ಕೂರುವ ಹಾಗಿಲ್ಲ, ಅದಕ್ಕೇ ಸೌದೆ ಒಲೆಯ ಡ್ರೈಯರ್. ಪಕ್ಕದ ಊರಲ್ಲಿ ಒಬ್ಬರ ಶೆಡ್ಡು ರಾತ್ರಿ ಸುಟ್ಟುಹೋದ ಮೇಲೆ ಅಪ್ಪಯ್ಯನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಸಿಲಿಂಡರ್ ಮಾರುವವರನ್ನು ಕರೆಸಿದೆವು. ಅವರು ಕೋಣೆ ಎಣಿಸಿದರು, ಕೋಣೆಗೊಂದರಂತೆ 5 ಕೆಜಿಯದು ತೂಗುಹಾಕಿ ಹೋದರು. ಪ್ಯಾನೆಲ್ ಬೋರ್ಡಿನ ಮೇಲೊಂದು, ಜನರೇಟರ್ ಮೇಲೊಂದು, ಗೋದಾಮಿಗೊಂದು, ಡ್ರೈಯರ್ ಕೋಣೆಗೊಂದು. ಎಲ್ಲದಕ್ಕೂ ಕೆಂಪು ಬಲ್ಬು.

ಆ ಬಲ್ಬಿನ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮಗೆ ಪೆಟ್ಟು ಬಿದ್ದಿದ್ದೇ ಅಲ್ಲಿ. ಸಿಲಿಂಡರಿನ ಬಾಯಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ ಗಾಜಿನ ಬಲ್ಬು ಇರುತ್ತದೆ. ಒಳಗೆ ಬಣ್ಣದ ದ್ರವ. ಬಿಸಿಯಾದರೆ ದ್ರವ ಹಿಗ್ಗಿ ಗಾಜು ಒಡೆಯುತ್ತದೆ. ಆಗ ನೈಟ್ರೋಜನ್ ಒತ್ತಡಕ್ಕೆ ಪುಡಿಯೆಲ್ಲ ಒಮ್ಮೆಗೇ ಕೆಳಗೆ ಚೆಲ್ಲುತ್ತದೆ. ನಡುವೆ ನಿಲ್ಲಿಸಲು ಕೀಲಿ ಗೀಲಿ ಏನೂ ಇಲ್ಲ. ಯಾವ ಬಿಸಿಗೆ ಒಡೆಯಬೇಕು ಅನ್ನುವುದನ್ನು ಬಣ್ಣವೇ ಹೇಳುತ್ತದೆ. ಕೆಂಪಾದರೆ 68 ಡಿಗ್ರಿ, ಹಳದಿಯಾದರೆ 79, ಹಸಿರಾದರೆ 93.

ಡ್ರೈಯರ್ ಕೋಣೆಯ ಬಿಸಿ ನಾವು ನೋಡಿರಲಿಲ್ಲ ಅಂತಲ್ಲ. ಬಾಗಿಲ ಚೌಕಟ್ಟಿಗೆ ಥರ್ಮಾಮೀಟರ್ ನೇತುಹಾಕಿದ್ದೆವು. ಒಲೆ ಉರಿಯುವಾಗಲೂ 42ರ ಹತ್ತಿರ ತೋರಿಸುತ್ತಿತ್ತು. 68ಕ್ಕೆ ಇನ್ನೂ ಎಷ್ಟು ದೂರ, ತೊಂದರೆ ಇಲ್ಲ ಅಂದುಕೊಂಡೆವು. ತಪ್ಪಿದ್ದು ಇಲ್ಲೇ. ಬಾಗಿಲ ಹತ್ತಿರ ಮನುಷ್ಯನ ಎದೆಮಟ್ಟದ ಬಿಸಿಯೇ ಬೇರೆ, ಶೀಟಿನ ಕೆಳಗಿನ ಬಿಸಿಯೇ ಬೇರೆ. ಬಿಸಿ ಗಾಳಿ ಮೇಲೇರಿ ಮಾಡಿನ ಮೂಲೆಯಲ್ಲಿ ನಿಲ್ಲುತ್ತದೆ. ಸಾಲದ್ದಕ್ಕೆ ನಮ್ಮ ಸಿಲಿಂಡರ್ ಇದ್ದದ್ದು ಡ್ರೈಯರಿನ ಬಿಸಿ ಹೊರಬರುವ ಕಿಂಡಿಯ ನೇರಕ್ಕೆ. ಮೇಲೆ ಮಧ್ಯಾಹ್ನದ ಬಿಸಿಲಿಗೆ ಕಾದ ಶೀಟು. ಬಲ್ಬು ಅಳೆಯುವುದು ತಾನಿರುವ ಜಾಗದ ಬಿಸಿಯನ್ನು. ನಾವು ಅಳೆದದ್ದು ನಾವು ನಿಲ್ಲುವ ಜಾಗದ್ದನ್ನು. ಆಮೇಲೆ ಥರ್ಮಾಮೀಟರನ್ನು ದೋಟಿಗೆ ಕಟ್ಟಿ ಮೇಲೆತ್ತಿ ನೋಡಿದೆ. ಒಲೆಗೆ ಸೌದೆ ತುಂಬಿದಾಗ ಅಲ್ಲಿ 60 ದಾಟುತ್ತಿತ್ತು. ಸಾಮಾನ್ಯ ದಿನಗಳಲ್ಲಿ ಆ ಜಾಗ ಎಷ್ಟು ಬಿಸಿಯಾಗುತ್ತದೋ, ಬಲ್ಬು ಅದಕ್ಕಿಂತ 30 ಡಿಗ್ರಿಯಾದರೂ ಮೇಲಿನದಿರಬೇಕು. ನಮ್ಮದರಲ್ಲಿ 10 ಡಿಗ್ರಿಯೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಒಲೆ ನೋಡುವ ಹುಡುಗ "ಅಣ್ಣಾ, ಮೇಲಿಂದು ಒಡೀತು" ಅಂತ ಓಡಿ ಬಂದ. ಹೋಗಿ ನೋಡಿದರೆ ಬೆಂಕಿ ಇಲ್ಲ, ಹೊಗೆ ಇಲ್ಲ, ಕೋಣೆ ತುಂಬ ಹಳದಿ ಪುಡಿ. ಬೇಯಿಸಿ, ಬಣ್ಣಕ್ಕೆ ಚೊಗರು ಹಾಕಿ ಟ್ರೇಗೆ ಹರಡಿದ ಅಡಿಕೆ ಇನ್ನೂ ಹಸಿಯಾಗಿತ್ತು, ಪುಡಿ ಹಾಗೇ ಮೆತ್ತಿಕೊಂಡಿತ್ತು. ಆ ಪುಡಿ ಮೊನೊ ಅಮೋನಿಯಂ ಫಾಸ್ಫೇಟ್, ನೀರು ತಾಗಬಾರದು ಅಂತ ಅದಕ್ಕೆ ಸಿಲಿಕೋನ್ ಲೇಪ. ಜನ ಬಾಯಿಗೆ ಹಾಕಿಕೊಳ್ಳುವ ವಸ್ತು ಅಡಿಕೆ. ತೊಳೆದು ಮಾರುತ್ತೇನೆ ಅನ್ನಲು ನನಗೆ ಮನಸ್ಸು ಬರಲಿಲ್ಲ, ಅಪ್ಪಯ್ಯನೂ ಬೇಡ ಅಂದರು. ರಾಶಿ ಅನ್ನುವ ದರ್ಜೆಯ ಅಡಿಕೆಗೆ ಕ್ವಿಂಟಾಲಿಗೆ 45,000 ದಾಟಿದ್ದ ವರ್ಷ ಅದು. ಒಂದೂವರೆ ಕ್ವಿಂಟಾಲಿನಷ್ಟು ಗುಂಡಿಗೆ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಪುಡಿ ಬ್ಲೋವರ್ ಮೋಟರಿನೊಳಗೂ ಸ್ಟಾರ್ಟರಿನೊಳಗೂ ಹೊಕ್ಕಿತ್ತು. ಅದಕ್ಕೆ ತೇವ ತಾಗಿದರೆ ಹುಳಿಯಾಗಿ ತಾಮ್ರ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ನಮ್ಮ ಕಡೆ ತೇವಕ್ಕೇನು ಬರ? ಅವತ್ತೇ ಬಿಚ್ಚಿ ಗಾಳಿ ಹೊಡೆಸಿದ್ದರೆ ಮೋಟರ್ ಉಳಿಯುತ್ತಿತ್ತು. ಅಡಿಕೆಯ ಚಿಂತೆಯಲ್ಲಿ ಅದು ನೆನಪಾಗಲಿಲ್ಲ, ಆಮೇಲೆ ರೀವೈಂಡಿಂಗ್ ಆಯಿತು.

ಈಗ ನಿಮ್ಮ ಲೆಕ್ಕ. ನಮ್ಮಲ್ಲಿ 5 ಕೆಜಿಯ ಒಂದಕ್ಕೆ ವರ್ಷದ ಸರ್ವೀಸ್ 300 ರೂಪಾಯಿ ಚಿಲ್ಲರೆ. ಒಡೆದಾಗ ಹೊಸ ಬಲ್ಬು, ವಾಷರ್, ಪುಡಿ, ನೈಟ್ರೋಜನ್ ಎಲ್ಲ ಸೇರಿ 1,500ರ ಆಸುಪಾಸು. ಕೈಯಲ್ಲಿ ಹಿಡಿಯುವ ಸಿಲಿಂಡರ್‌ಗಳ ನಿರ್ವಹಣೆಗೆ ಐಎಸ್ 2190 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ಪೌಡರಿನದಕ್ಕೆ 3 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ, 10 ವರ್ಷಕ್ಕೆ ಆಯಸ್ಸು ಮುಗಿಯಿತು. ನಮ್ಮ ಸರ್ವೀಸಿನವರು ಮಾಡಿಗೆ ತೂಗುಹಾಕಿದ್ದಕ್ಕೂ ಅದೇ ಲೆಕ್ಕ ಹಿಡಿಯುತ್ತಾರೆ. ಇಷ್ಟು ದುಡ್ಡು ಕೊಡಲೇಬೇಕು, ಅದರಲ್ಲಿ ಉಳಿತಾಯ ಹುಡುಕಬೇಡಿ. ಮುಳ್ಳು ಹಸಿರಲ್ಲಿದೆ ಅಂದರೆ ಒಳಗೆ ಗ್ಯಾಸ್ ಇದೆ ಅಂತ ಮಾತ್ರ. ಪುಡಿ ಗಟ್ಟಿ ಕಟ್ಟಿದ್ದರೆ ಮುಳ್ಳಿಗೆ ಗೊತ್ತಾಗಲ್ಲ.

ನನ್ನ ಮಾತು ಕೇಳುವುದಾದರೆ ನಾಲ್ಕಕ್ಕೂ ಎಎಂಸಿ ಮಾಡಿಸಬೇಡಿ, ಯಾಕೆಂದರೆ ಅಷ್ಟೂ ಇಟ್ಟುಕೊಳ್ಳಬೇಕಾಗಿಲ್ಲ. ಅಡಿಕೆ ಹರಡುವ ಜಾಗದಿಂದ, ಡ್ರೈಯರ್ ಕೋಣೆಯಿಂದ ಇವತ್ತೇ ಇಳಿಸಿ. ಅಲ್ಲಿ ಹೇಗೂ ಯಾರಾದರೂ ಇದ್ದೇ ಇರುತ್ತಾರೆ ಅಲ್ವಾ, ಬಾಗಿಲ ಹೊರಗೆ ಕೈಯಲ್ಲಿ ಹಿಡಿಯುವುದು ಒಂದು ಸಾಕು. ಜೊತೆಗೆ ನೀರಿನ ಡ್ರಮ್ಮು, ಬಕೆಟ್ಟು. ಸಿಪ್ಪೆ ರಾಶಿಗೆ, ಸೌದೆಗೆ ಬೆಂಕಿ ಹಿಡಿದರೆ ಪುಡಿ ಮೇಲಿನ ಜ್ವಾಲೆ ಆರಿಸುತ್ತದೆ, ಒಳಗಿನ ಕೆಂಡ ತಣಿಸುವುದಿಲ್ಲ. ಅದು ನೀರಿನ ಕೆಲಸ. ಕರೆಂಟಿನ ಹತ್ತಿರ ಮಾತ್ರ ನೀರು ಒಯ್ಯಬೇಡಿ. ರಾತ್ರಿ ಯಾರೂ ಇಲ್ಲದ ಜನರೇಟರ್ ಕೋಣೆಗೆ ಆಟೋಮ್ಯಾಟಿಕ್ ಸರಿ. ಬಲ್ಬಿನ ಬಣ್ಣ ಅಲ್ಲಿನ ಮಾಡಿನ ಬಿಸಿ ನೋಡಿ ಹಾಕಿಸಿ. ಪ್ಯಾನೆಲ್ ಬೋರ್ಡಿಗೆ ಕೈಲಾದರೆ ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲದ) ಸಿಲಿಂಡರ್ ಇಡಿ. ದುಬಾರಿ ನಿಜ, ಆದರೆ ಆಮೇಲೆ ಒರೆಸಿ ತೆಗೆಯಬೇಕಾದ್ದು ಏನೂ ಉಳಿಯುವುದಿಲ್ಲ.

ಇನ್ನು ಸರ್ವೀಸ್ ಯಾವಾಗ ಅನ್ನುವುದು. ಫೆಬ್ರವರಿ, ಮಾರ್ಚಿನಲ್ಲಿ ಮಾಡಿಸಿ. ಸುಗ್ಗಿ ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ. ಜುಲೈಯಲ್ಲಿ ಸಿಲಿಂಡರ್ ಬಿಚ್ಚಿ ಪುಡಿ ತುಂಬಿದರೆ ಮಲೆನಾಡಿನ ತೇವವನ್ನೂ ಸೇರಿಸಿ ಮುಚ್ಚಿದ ಹಾಗೆ. ಬಂದವರಿಗೆ ಒಂದಾದರೂ ಬಿಚ್ಚಿ ತೋರಿಸಿ ಅನ್ನಿ. ಪುಡಿ ಬೆರಳ ಸಂದಿಯಿಂದ ಜಾರಬೇಕು, ಗಂಟು ಸಿಕ್ಕರೆ ಬದಲಿಸಲಿ. ಮತ್ತೆ ತುಂಬುವಾಗ ಎಬಿಸಿ ಪುಡಿಯನ್ನೇ, ಅಂದರೆ ಮೇಲೆ ಹೇಳಿದ ಫಾಸ್ಫೇಟ್ ಪುಡಿಯನ್ನೇ, ತುಂಬಲಿ. ಸೋಡಾ ಪುಡಿಯದು, 'ಬಿ.ಸಿ.' (BC) ಅಂತ ಇನ್ನೊಂದು ಬರುತ್ತದೆ. ಅದು ಕಟ್ಟಿಗೆ, ಸಿಪ್ಪೆಗೆ ಆಗುವುದಿಲ್ಲ. ಎರಡೂ ಬೆರೆತರೆ ಒಂದಕ್ಕೊಂದು ತಾಗಿ ಗಟ್ಟಿಯಾಗುತ್ತದೆ. ನಡುವಿನ ತಿಂಗಳುಗಳಲ್ಲಿ ನೀವೇ ಮಾಡಬಹುದಾದ್ದು ಇದೆ. ಬಲ್ಬಿಗೆ ಇಲ್ಲಣ ಕಟ್ಟಿದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಬಿಸಿ ತಾಗುವುದು ತಡವಾಗುತ್ತದೆ. ಪೊರಕೆ ತಾಗಿಸಬೇಡಿ, ಗಾಜು. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇದೆ. ಸಿಲಿಂಡರ್ ಇಳಿಸಿದಾಗ ತೂಗಿ, ಚೀಟಿಯಲ್ಲಿ ಬರೆದ ತುಂಬಿದ ತೂಕಕ್ಕೆ ಹೋಲಿಸಿ. ತಳದಲ್ಲಿ, ಕೊಕ್ಕೆಯಲ್ಲಿ ತುಕ್ಕು ನೋಡಿ.

ಎಎಂಸಿ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಸಾಲು ಹುಡುಕಿ. ನಮ್ಮ ಕಾಗದದಲ್ಲಿ "ಬಿಡಿಭಾಗ ಮತ್ತು ರೀಫಿಲ್ ಹೊರತುಪಡಿಸಿ" ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬಲ್ಬೂ ಬಿಡಿಭಾಗವೇ ಅಂತ ಹೇಳಿ ಪೂರ್ತಿ ದುಡ್ಡು ತೆಗೆದುಕೊಂಡರು. ಬೆಂಕಿ ಇಲ್ಲದೆ ಒಡೆದರೆ ಖರ್ಚು ಯಾರದು ಅಂತ ಕಾಗದದಲ್ಲೇ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ಶಿವಮೊಗ್ಗದಲ್ಲಿ ಬೇರೆಯವರನ್ನು ಕೇಳಿ.