ಓದುಗರ ಪ್ರಶ್ನೆ: ಸೋತಿದ್ದು ಪೇನಾ, ಕಥೆಗಾರನಾ?

ಹೋದ ಸಲ ಈ ಅಂಕಣದಲ್ಲಿ 'ನರುಟೊ ಶಿಪ್ಪುಡೆನ್' ಅನ್ನುವ ಜಪಾನಿ ಅನಿಮೆಯ (ಕಾರ್ಟೂನ್ ಸರಣಿಯ) ಪೇನ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಇಷ್ಟು ಗಟ್ಟಿಯಾದ ವಿಲನ್‌ನನ್ನು ಕಟ್ಟಿ ಕೊನೆಗೆ ಕೈಬಿಟ್ಟರು ಅಂತ. ಅಷ್ಟಕ್ಕೇ ಬೈಗುಳ, ಹೊಗಳಿಕೆ ಎರಡೂ ಬಂದಿವೆ. ಮಳೆಗಾಲ ನೋಡಿ, ಶಾಲೆಗೆ ರಜೆ, ತೋಟದಲ್ಲಿ ಕೆಲಸ ಕಡಿಮೆ. ನೆಟ್‌ವರ್ಕ್ ಸಿಕ್ಕಾಗ ಡೌನ್‌ಲೋಡ್ ಮಾಡಿಟ್ಟುಕೊಂಡು ಕರೆಂಟ್ ಹೋದಾಗ ನೋಡುವುದು ನಮ್ಮ ಜಿಲ್ಲೆಯ ಪದ್ಧತಿ.

ನೋಡದವರಿಗೆ ಒಂದು ಮಾತು. ಮಸಾಶಿ ಕಿಶಿಮೊಟೊ ಬರೆದ 'ನರುಟೊ' ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, 1999ರಿಂದ 2014ರವರೆಗೆ 700 ಅಧ್ಯಾಯ ಬಂತು. ಅದರ ಎರಡನೇ ಭಾಗದ ಅನಿಮೆಯೇ ಶಿಪ್ಪುಡೆನ್. ನರುಟೊ ಅನ್ನುವ ಅನಾಥ ಹುಡುಗ ಕೊನೋಹಾ ಅನ್ನುವ ಊರಿನ ನಿಂಜಾ. ಅವನ ಗುರು ಜಿರಾಯಾ. ಆ ಗುರುವನ್ನು ಕೊಂದವನೇ ಪೇನ್, ಅಂದರೆ ನೋವು. ಆಮೇಲೆ ಅವನು ಕೊನೋಹಾಕ್ಕೇ ಬಂದು ಇಡೀ ಊರನ್ನು ಒಂದೇ ಏಟಿಗೆ ನೆಲಸಮ ಮಾಡುತ್ತಾನೆ. ಈ ಕಥಾಭಾಗವನ್ನೇ ಫ್ಯಾನ್‌ಗಳು ಪೇನ್ ಆರ್ಕ್ ಅನ್ನುವುದು. ಮುಂದೆ ಓದಿದರೆ ಕಥೆಯ ಗುಟ್ಟೆಲ್ಲ ಬಿಟ್ಟುಕೊಡುತ್ತೇನೆ, ಆಮೇಲೆ ಬೈಯಬೇಡಿ.

ಪೇನ್ ಹೇಳಿದ್ದರಲ್ಲಿ ತಪ್ಪೇನಿದೆ ಸರ್? ಸೇಡಿಗೆ ಸೇಡು ಅಂತ ದ್ವೇಷ ಸುತ್ತುತ್ತಲೇ ಇರುತ್ತದೆ, ಅದನ್ನು ಹೇಗೆ ನಿಲ್ಲಿಸುತ್ತೀಯ ಅನ್ನುವ ಅವನ ಪ್ರಶ್ನೆಗೆ ನರುಟೊ ಹತ್ತಿರ ಉತ್ತರವೇ ಇರಲಿಲ್ಲ. ಆದರೂ ಅವನೇ ಗೆದ್ದ. ಇದು ಮೋಸ ಅಲ್ವಾ?
– ಪಿಯುಸಿ ವಿದ್ಯಾರ್ಥಿ, ಗೋಣಿಕೊಪ್ಪ

ಪೇನ್ ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ ತಮ್ಮ, ಅವನು ಮಾಡಿದ್ದರಲ್ಲಿ ಹುಡುಕುವುದು ಸುಲಭ. ಈ ಎರಡರ ನಡುವೆ ಇಷ್ಟು ಅಂತರ ಇಟ್ಟಿದ್ದೇ ಕಿಶಿಮೊಟೊನ ಕೈಚಳಕ.

ಪೇನ್‌ನ ನಿಜವಾದ ಹೆಸರು ನಾಗಾಟೊ. ಅವನ ಊರು ಅಮೆಗಾಕುರೆ, ಯಾವಾಗಲೂ ಮಳೆ ಸುರಿಯುವ ಊರು. (ಅದನ್ನು ನೋಡಿ ನನಗೆ ಸ್ವಲ್ಪವೂ ಆಶ್ಚರ್ಯ ಆಗಲಿಲ್ಲ, ಬಟ್ಟೆ ಹೇಗೆ ಒಣಗಿಸುತ್ತಾರೋ ಅನ್ನುವುದೊಂದೇ ಚಿಂತೆ.) ಸುತ್ತ ದೊಡ್ಡ ದೊಡ್ಡ ದೇಶಗಳು. ಅವು ಜಗಳ ಆಡುವುದು ಈ ಸಣ್ಣ ದೇಶದ ನೆಲದ ಮೇಲೆ. ನಾಗಾಟೊನ ಅಪ್ಪ ಅಮ್ಮನನ್ನು ಕೊಂದವರು ಕೊನೋಹಾದ ನಿಂಜಾಗಳು, ಅಂದರೆ ನಮ್ಮ ಹೀರೋನ ಊರಿನವರೇ. ಬೇಕು ಅಂತ ಕೊಂದಿದ್ದೂ ಅಲ್ಲ, ಊಟ ಹುಡುಕಿಕೊಂಡು ಮನೆಯೊಳಗೆ ನುಗ್ಗಿದವರು ಗಾಬರಿಯಲ್ಲಿ ಮಾಡಿದ ಕೊಲೆ. ಅವರು ಅತ್ತು ಕ್ಷಮೆ ಕೇಳಿದ್ದರೂ ಹುಡುಗನಿಗೆ ಅಪ್ಪ ಅಮ್ಮ ವಾಪಸ್ ಬರುತ್ತಿದ್ದರಾ?

ಅನಾಥ ಮಕ್ಕಳು ಮೂವರು ಸೇರುತ್ತಾರೆ, ನಾಗಾಟೊ, ಯಾಹಿಕೊ, ಕೊನಾನ್. ಇವರಿಗೆ ಮೂರು ವರ್ಷ ವಿದ್ಯೆ ಕಲಿಸಿದವನು ಜಿರಾಯಾ. ದೊಡ್ಡವರಾದ ಮೇಲೆ ಯುದ್ಧ ನಿಲ್ಲಿಸಬೇಕು ಅಂತ ಗುಂಪು ಕಟ್ಟುತ್ತಾರೆ. ಆ ಊರಿನ ನಾಯಕ ಹಾನ್ಜೊ ಮಾತುಕತೆಗೆ ಕರೆದು ಮೋಸ ಮಾಡುತ್ತಾನೆ, ಅವನ ಜೊತೆ ಕೊನೋಹಾದ ದಾನ್ಜೊ ಕೂಡ ಸೇರಿರುತ್ತಾನೆ. ಕೊನಾನ್‌ಳನ್ನು ಹಿಡಿದಿಟ್ಟುಕೊಂಡು, ಯಾಹಿಕೊನನ್ನು ಕೊಂದರೆ ಇವಳನ್ನು ಬಿಡುತ್ತೇನೆ ಅಂತ ಹಾನ್ಜೊ ನಾಗಾಟೊಗೆ ಹೇಳುತ್ತಾನೆ. ನಾಗಾಟೊ ಕೈಯಲ್ಲಿ ಚೂರಿ, ಕೈ ನಡುಗುತ್ತಿದೆ. ಆಗ ಯಾಹಿಕೊ ತಾನೇ ಓಡಿಬಂದು ಆ ಚೂರಿಗೆ ಎದೆ ಕೊಡುತ್ತಾನೆ. ಆಮೇಲೆ ಪೇನ್ ಅಂತ ನಾವು ನೋಡುವ ಮುಖ್ಯ ಮುಖ ಇದೆಯಲ್ಲ, ಕಿತ್ತಳೆ ಕೂದಲು, ಮೂಗಿನ ಮೇಲೆ ಕಪ್ಪು ಮೊಳೆಗಳು, ಅದು ಸತ್ತ ಯಾಹಿಕೊನ ದೇಹ. ನಾಗಾಟೊ ತನ್ನ ಗೆಳೆಯನ ಹೆಣವನ್ನೇ ಮುಂದೆ ನಿಲ್ಲಿಸಿ ಮಾತಾಡುತ್ತಿದ್ದಾನೆ. ಇದು ಗೊತ್ತಾದ ಮೇಲೆ ಮೊದಲಿನ ಕಂತುಗಳನ್ನು ಇನ್ನೊಮ್ಮೆ ನೋಡು, ಬೇರೆಯೇ ಆಗಿ ಕಾಣುತ್ತವೆ.

ಇಲ್ಲಿ ಪೇನ್‌ನ ಬಲ ಅಂದರೆ ಗುಡ್ಡ ಪುಡಿ ಮಾಡುವ ಶಕ್ತಿ ಅಲ್ಲ. ಅವನ ಹತ್ತಿರ ಹಳೇ ಲೆಕ್ಕ ಇದೆ, ಮತ್ತು ಆ ಲೆಕ್ಕದಲ್ಲಿ ಸಾಲಗಾರರು ಹೀರೋನ ಊರಿನವರು. ಸಾಮಾನ್ಯವಾಗಿ ಆ್ಯಕ್ಷನ್ ಅನಿಮೆಯ ವಿಲನ್ ಹೀರೋನ ಮನೆ ಸುಡುತ್ತಾನೆ, ಇಲ್ಲಿ ಹೀರೋನ ಊರಿನವರೇ ವಿಲನ್‌ನ ಮನೆ ಸುಟ್ಟು ಮರೆತುಬಿಟ್ಟಿದ್ದಾರೆ. ನಮ್ಮ ಕಡೆ ತೋಟದ ಬೇಲಿ ಜಗಳ ನೋಡಿದ್ದೀಯಲ್ಲ? ಬೇಲಿ ಸರಿಸಿದ ಮನೆಯವರಿಗೆ ಅದು ಅಜ್ಜನ ಕಾಲದ ಮಾತು, ನೆನಪೇ ಇರಲ್ಲ. ಜಾಗ ಕಳೆದುಕೊಂಡವರ ಮನೆಯ ಮೊಮ್ಮಗನಿಗೆ ಕಲ್ಲು ಎಲ್ಲಿತ್ತು ಅನ್ನುವುದೂ ಗೊತ್ತಿರುತ್ತದೆ. ನಾಗಾಟೊ ಆ ಮೊಮ್ಮಗ.

ಈಗ ನಿನ್ನ ಪ್ರಶ್ನೆ. ನಿನ್ನ ಉತ್ತರ ಏನು ಅಂತ ಪೇನ್ ಕೇಳಿದಾಗ ನರುಟೊ ಸುಮ್ಮನಾಗುತ್ತಾನೆ. ನನಗಂತೂ ಅದು ಇಡೀ ಕಥೆಯಲ್ಲೇ ಒಳ್ಳೆಯ ಜಾಗ. ಹದಿನಾರು ವರ್ಷದ ಹುಡುಗ, ಊರು ಸುಟ್ಟು ಕೂತಿದೆ, ಗುರು ಸತ್ತಿದ್ದಾನೆ, ಅವನ ಬಾಯಲ್ಲಿ ಯುದ್ಧಕ್ಕೆ ಪರಿಹಾರ ಹೇಳಿಸಿದ್ದರೆ ಅದು ಭಾಷಣ ಆಗುತ್ತಿತ್ತು. ಕೊನೆಗೆ ನಾಗಾಟೊನನ್ನು ಬದಲಾಯಿಸುವುದೂ ನರುಟೊನ ಮಾತಲ್ಲ ಸರಿಯಾಗಿ ನೋಡಿದರೆ. ಜಿರಾಯಾ ಹಿಂದೆ ಒಂದು ಕಾದಂಬರಿ ಬರೆದಿರುತ್ತಾನೆ, ಅದಕ್ಕೆ ಪ್ರೇರಣೆ ಚಿಕ್ಕಂದಿನ ನಾಗಾಟೊನೇ. ಆ ಕಾದಂಬರಿಯ ಹೀರೋ ಹೆಸರು ನರುಟೊ, ಅದನ್ನೇ ಈ ಹುಡುಗನಿಗೆ ಇಟ್ಟಿದ್ದು. ಅಂದರೆ ನಾಗಾಟೊ ಒಂದು ಕಾಲದಲ್ಲಿ ನಂಬಿ, ಆಮೇಲೆ ಎಸೆದಿದ್ದ ಮಾತೇ ಮನುಷ್ಯ ರೂಪದಲ್ಲಿ ಎದುರಿಗೆ ನಿಂತಿದೆ. ಬರೀ ಬಾಯಿಮಾತಲ್ಲಿ ವಿಲನ್‌ನನ್ನು ಕರಗಿಸುತ್ತಾನೆ ಅಂತ ಫ್ಯಾನ್‌ಗಳು ಇದಕ್ಕೆ 'ಟಾಕ್ ನೋ ಜುತ್ಸು' (ಮಾತಿನ ನಿಂಜಾ ವಿದ್ಯೆ) ಅಂತ ತಮಾಷೆ ಮಾಡುತ್ತಾರೆ. ಬೇರೆ ಕಡೆಗೆ ಆ ತಮಾಷೆ ಸರಿ, ಇಲ್ಲಿಗೆ ಅಷ್ಟು ಒಪ್ಪಲ್ಲ.

ಮೋಸ ಆಗಿದ್ದು ಅದರ ಮುಂದಿನ ಐದು ನಿಮಿಷದಲ್ಲಿ. ನಾಗಾಟೊ ತನ್ನ ಪ್ರಾಣ ಕೊಟ್ಟು, ಆ ದಾಳಿಯಲ್ಲಿ ಸತ್ತವರನ್ನೆಲ್ಲ ಬದುಕಿಸಿಬಿಡುತ್ತಾನೆ. ನರುಟೊಗೆ ಪಾಠ ಹೇಳಿದ ಕಾಕಾಶಿ ಎದ್ದು ಕೂರುತ್ತಾನೆ, ಊರಿನ ವೈದ್ಯೆ ಶಿಝುನೆ ಎದ್ದು ಕೂರುತ್ತಾಳೆ. ಕಾಕಾಶಿ ಸತ್ತ ಮೇಲೆ ತನ್ನ ಅಪ್ಪನ ಜೊತೆ ಬೆಂಕಿ ಪಕ್ಕ ಕೂತು ಮಾತಾಡುವ ದೃಶ್ಯ ಇದೆ, ಅಷ್ಟು ಚೆನ್ನಾಗಿದೆ, ನಾನು ಅತ್ತಿದ್ದೆ. ಆ ಕಣ್ಣೀರನ್ನು ವಾಪಸ್ ತಗೊಳ್ಳಿ ಅಂದ ಹಾಗಾಯ್ತು. ಇಡೀ ಆರ್ಕ್ ಹೇಳುತ್ತಾ ಬಂದಿದ್ದು ಒಂದೇ ಮಾತು, ಸತ್ತವರು ಬರಲ್ಲ, ಅದಕ್ಕೇ ಸೇಡು ನಿಲ್ಲಲ್ಲ ಅಂತ. ಕೊನೆಗೆ ಕಥೆಗಾರನೇ ಸತ್ತವರನ್ನು ತಂದು ನಿಲ್ಲಿಸಿಬಿಟ್ಟ. ಉಳಿದಿದ್ದು ಜಿರಾಯಾನ ಸಾವು ಒಂದೇ. ಅದಕ್ಕೇ ಇವತ್ತಿಗೂ ಜಿರಾಯಾ ಹೆಸರು ಹೇಳಿದರೆ ಗಂಟಲು ಕಟ್ಟುತ್ತದೆ, ಶಿಝುನೆ ಸತ್ತಿದ್ದಳು ಅನ್ನುವುದನ್ನು ಅರ್ಧ ಜನ ಮರೆತಿದ್ದಾರೆ.

ಇನ್ನೊಂದು ಹುಳುಕು ಮುಂದೆ ಬರುತ್ತದೆ. ನಾಗಾಟೊಗೆ ಈ ಶಕ್ತಿಯೆಲ್ಲ ಕೊಡುವ ವಿಶೇಷ ಕಣ್ಣು ಅವನದಲ್ಲ, ಮದಾರಾ ಅನ್ನುವ ಹಳೇ ಕಾಲದ ನಿಂಜಾ ಚಿಕ್ಕಂದಿನಲ್ಲೇ ಅವನಿಗೆ ಇಟ್ಟಿದ್ದು ಅಂತ ಆಮೇಲೆ ತಿಳಿಯುತ್ತದೆ. ಗೆಳೆಯನನ್ನು ಕಳೆದುಕೊಂಡು ತನ್ನ ದಾರಿ ತಾನೇ ಹಿಡಿದ ಮನುಷ್ಯ ಹಿಂತಿರುಗಿ ನೋಡಿದರೆ ಯಾರದ್ದೋ ಆಟದ ಕಾಯಿ. ಇದು ಬೇಕಿರಲಿಲ್ಲ.

ಮೊಮ್ಮಗನ ಜೊತೆ ಕೂತು ನೋಡಿದೆ. ಊರನ್ನೇ ನಾಶ ಮಾಡಿದವನನ್ನು ಹಿಡಿದು ಶಿಕ್ಷೆ ಕೊಡದೆ ಬಿಟ್ಟುಬಿಡುವುದು ಯಾವ ನ್ಯಾಯ? ಮಕ್ಕಳಿಗೆ ಏನು ಕಲಿಸುತ್ತಿದ್ದಾರೆ?
– ನಿವೃತ್ತ ಸೈನಿಕರು, ಅಮ್ಮತ್ತಿ

ಸರ್, ಮೊಮ್ಮಗನ ಜೊತೆ ಕೂತು ನೋಡಿದಿರಲ್ಲ, ಅದಕ್ಕೆ ಮೊದಲು ನಮಸ್ಕಾರ. ನಮ್ಮ ಮನೆಯಲ್ಲಿ ನನ್ನ ಮಾವ ಒಂದೇ ಕಂತು ನೋಡಿ, ಇವರ ಕೂದಲು ಯಾಕೆ ಹೀಗೆ ಅಂತ ಕೇಳಿ ಎದ್ದು ಹೋದರು.

ನಾಗಾಟೊಗೆ ಶಿಕ್ಷೆ ಆಗಲೇ ಇಲ್ಲ ಅನ್ನುವುದು ಪೂರ್ತಿ ಸರಿಯಲ್ಲ, ಅವನು ಸತ್ತ. ಆದರೆ ನಿಮ್ಮ ಸಿಟ್ಟಿನಲ್ಲಿ ನಿಜ ಇದೆ. ನರುಟೊ ಅವನನ್ನು ಕೊಲ್ಲದೆ ಬಿಟ್ಟಾಗ ಊರಿನವರು ಇನ್ನೂ ಸತ್ತೇ ಇದ್ದರು. ಅವರೆಲ್ಲ ಎದ್ದುಬರುತ್ತಾರೆ ಅಂತ ಅವನಿಗೆ ಗೊತ್ತಿರಲಿಲ್ಲ. ಆ ಧೈರ್ಯಕ್ಕೆ ಮಾರ್ಕ್ಸ್ ಕೊಡಲೇಬೇಕು. ಸೈನ್ಯದಲ್ಲಿ ಇದ್ದವರಿಗೆ ಗೊತ್ತು, ಎದುರಿಗೆ ಶತ್ರು ಕೈಗೆ ಸಿಕ್ಕಾಗ ಕೈ ತಡೆಯುವುದು ಎಷ್ಟು ಕಷ್ಟ ಅಂತ. ಆದರೆ ಕ್ಷಮಿಸಿದ ಮೇಲೆ ನಿಜವಾದ ಕಷ್ಟ ಶುರುವಾಗಬೇಕಿತ್ತು. ಮಗನನ್ನು ಕಳೆದುಕೊಂಡ ತಾಯಿ ಬಂದು, ಅವನನ್ನು ಯಾಕೆ ಬಿಟ್ಟೆ ಅಂತ ಕೇಳಬೇಕಿತ್ತು. ಆ ಬಾಗಿಲು ತಟ್ಟುವ ದಿನ ನರುಟೊಗೆ ಬರಲೇ ಇಲ್ಲ, ಎಲ್ಲರೂ ಎದ್ದು ಬಂದು ಅವನನ್ನು ಹೆಗಲ ಮೇಲೆ ಹೊತ್ತರು.

ನಿಮಗೆ ಇನ್ನೊಂದು ವಿಷಯ ಹಿಡಿಸಬಹುದು. ಪೇನ್‌ನ ಯೋಜನೆ ಏನು ಗೊತ್ತಾ? ಬಾಲ ಇರುವ ಒಂಬತ್ತು ದೈತ್ಯ ಮೃಗಗಳ ಶಕ್ತಿ ಸೇರಿಸಿ ಒಂದು ಭಯಂಕರ ಆಯುಧ ಮಾಡುವುದು. ಒಮ್ಮೆ ಬಳಸಿದರೆ ಜನ ಹೆದರಿ ಸುಮ್ಮನಾಗುತ್ತಾರೆ. ಸ್ವಲ್ಪ ಕಾಲ ಶಾಂತಿ. ಭಯ ಮರೆತಾಗ ಮತ್ತೆ ಬಳಸುವುದು. ಅಣುಬಾಂಬ್ ಇಟ್ಟುಕೊಂಡು ಯುದ್ಧ ತಡೆಯುತ್ತೇವೆ ಅನ್ನುವ ವಾದವೇ ಇದು, ಬರೀ ವೇಷ ಬೇರೆ. ಅಣುಬಾಂಬ್ ಬಿದ್ದ ದೇಶದವನೇ ಇದನ್ನು ವಿಲನ್ ಬಾಯಲ್ಲಿ ಹೇಳಿಸಿದ್ದಾನೆ. ಮೊಮ್ಮಗನ ಹತ್ತಿರ ಇದರ ಬಗ್ಗೆ ಮಾತಾಡಿ ಸರ್. ನಿಮ್ಮಷ್ಟು ಚೆನ್ನಾಗಿ ನನಗೆ ಹೇಳಲು ಬರಲ್ಲ.

167ನೇ ಕಂತಿನಲ್ಲಿ ಮುಖಗಳೆಲ್ಲ ರಬ್ಬರ್ ಥರ ಎಳೆದ ಹಾಗಿವೆ. ದುಡ್ಡು ಖಾಲಿ ಆಗಿತ್ತಾ?
– ಓದುಗರು, ವಿರಾಜಪೇಟೆ

ಇಲ್ಲ, ಬೇಕು ಅಂತಲೇ ಮಾಡಿದ್ದು. ಆ ಕಂತಿನ ನಿರ್ದೇಶಕ ಅತ್ಸುಶಿ ವಾಕಾಬಯಾಶಿ ಚಲನೆಗೆ ಜೀವ ಬರಲಿ ಅಂತ ಆಕಾರವನ್ನು ಬಿಟ್ಟುಕೊಟ್ಟರು. ಪಾಜ್ ಮಾಡಿ ಒಂದೊಂದೇ ಚಿತ್ರ ನೋಡಿದರೆ ನಗು ಬರುತ್ತದೆ, ಓಡುವಾಗ ನೋಡಿದರೆ ಮೈ ಜುಮ್ ಅನ್ನುತ್ತದೆ. ನನಗೆ ಇಷ್ಟ. ಆದರೆ ಒಂದು ಮಾತು ಒಪ್ಪುತ್ತೇನೆ, ಅಷ್ಟು ಗಂಭೀರವಾಗಿ ಕಟ್ಟಿಕೊಂಡು ಬಂದ ಪೇನ್‌ನ ಮುಖ ಸರಿಯಾಗಿ ಆ ಹೊತ್ತಿಗೇ ಕಾರ್ಟೂನ್ ಆಗಿಬಿಟ್ಟರೆ ನೋಡುವವರ ಭಯ ಹೋಗುತ್ತದೆ.

ಪೇನ್‌ಗೆ ಆರು ದೇಹ ಯಾಕೆ? ದೇವ, ಅಸುರ, ಪ್ರೇತ ಅಂತೆಲ್ಲ ನಮ್ಮ ಹೆಸರುಗಳೇ ಇವೆಯಲ್ಲ?
– ಕಾಲೇಜು ವಿದ್ಯಾರ್ಥಿನಿ, ಕುಶಾಲನಗರ

ನೀನು ಕೇಳುವುದು ಸರಿಯಾಗಿದೆ ಮಗಳೇ, ಉತ್ತರ ನಿನ್ನ ಮನೆಯಿಂದ ಕಾವೇರಿ ದಾಟಿದರೆ ಸಿಗುತ್ತದೆ. ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಟಿಬೆಟಿಯನ್ ಮಠಗಳ ಬಾಗಿಲ ಬಳಿ ಸಾಮಾನ್ಯವಾಗಿ ಭವಚಕ್ರ ಅಂತ ದೊಡ್ಡ ಚಿತ್ರ ಬರೆದಿರುತ್ತಾರೆ. ಒಂದು ಭಯಂಕರ ರೂಪ ಚಕ್ರವನ್ನು ಕಚ್ಚಿ ಹಿಡಿದಿರುತ್ತದೆ, ಚಕ್ರದೊಳಗೆ ಆರು ಲೋಕ. ದೇವ, ಅಸುರ, ಮನುಷ್ಯ, ಪ್ರಾಣಿ, ಪ್ರೇತ, ನರಕ. ಪೇನ್‌ನ ಆರು ದೇಹಗಳು ಇವೇ. ಅವನ ಕಣ್ಣಿನ ಹೆಸರು ರಿನ್ನೆಗನ್, ಅದರಲ್ಲಿ 'ರಿನ್ನೆ' ಅಂದರೆ ಸಂಸಾರ, ಹುಟ್ಟು ಸಾವಿನ ಸುತ್ತು.

ಹೆಸರು ಸುಮ್ನೆ ಅಂಟಿಸಿದ್ದಲ್ಲ. ಭವಚಕ್ರದ ಪ್ರೇತಕ್ಕೆ ದೊಡ್ಡ ಹೊಟ್ಟೆ, ಸೂಜಿಯಂಥ ಗಂಟಲು, ಎಷ್ಟು ತಿಂದರೂ ಹಸಿವು. ಪೇನ್‌ನ ಪ್ರೇತ ದೇಹ ಎದುರಾಳಿಯ 'ಚಕ್ರ'ವನ್ನೆಲ್ಲ, ಅಂದರೆ ನಿಂಜಾಗಳ ಮೈಯೊಳಗಿನ ಶಕ್ತಿಯನ್ನೆಲ್ಲ ಹೀರಿಕೊಳ್ಳುತ್ತದೆ. ಪ್ರಾಣಿ ದೇಹ ಮೃಗಗಳನ್ನು ಕರೆಯುತ್ತದೆ. ದ್ವೇಷ ಸುತ್ತುತ್ತಲೇ ಇರುತ್ತದೆ ಅನ್ನುವ ಮನುಷ್ಯನಿಗೆ ಸುತ್ತುವ ಚಕ್ರವನ್ನೇ ಶಕ್ತಿಯಾಗಿ ಕೊಟ್ಟಿದ್ದಾರೆ. ಇಷ್ಟು ಚೆನ್ನಾಗಿ ಯೋಚಿಸಿದವರು ಆ ಆರರಲ್ಲಿ ಐದಕ್ಕೆ ಸ್ವಲ್ಪ ಸ್ವಂತ ವ್ಯಕ್ತಿತ್ವವಾದರೂ ಕೊಡಬಹುದಿತ್ತು. ಮುಖ್ಯ ಮಾತೆಲ್ಲ ದೇವನದೇ, ಉಳಿದವು ಹೆಚ್ಚುಕಡಿಮೆ ಬರೀ ಆಯುಧಗಳು.

ಈ ಆರ್ಕ್‌ನಲ್ಲಿ ಹುಡುಗಿಯರಿಗೆ ಕೆಲಸವೇ ಇಲ್ಲ ಅನಿಸಿತು. ನಿಮಗೆ?
– ಶಿಕ್ಷಕಿ, ನಾಪೋಕ್ಲು

ನನಗೂ ಹಾಗೇ ಅನಿಸಿತು ಮೇಡಂ. ನರುಟೊ ನೆಲಕ್ಕೆ ಬಿದ್ದಿರುವಾಗ ಹಿನಾಟಾ ಒಬ್ಬಳೇ ಬಂದು ನಿಲ್ಲುತ್ತಾಳೆ, ಸಾಯುತ್ತೇನೆ ಅಂತ ಗೊತ್ತಿದ್ದೂ ತನ್ನ ಮನಸ್ಸಿನ ಮಾತು ಹೇಳುತ್ತಾಳೆ. ಅವಳು ಬಿದ್ದಿದ್ದು ನೋಡಿ ನರುಟೊಗೆ ರೋಷ ಬಂತು, ಅಷ್ಟಕ್ಕೆ ಅವಳ ಕೆಲಸ ಮುಗಿಯಿತು. ಅವಳ ಮಾತಿಗೆ ಅವನ ಬಾಯಿಂದ ಉತ್ತರ ಬಹಳ ಕಾಲ ಬರುವುದೇ ಇಲ್ಲ. ಕೊನಾನ್ ಇನ್ನೂ ಅನ್ಯಾಯ. ಮೂವರಲ್ಲಿ ಉಳಿದವಳು ಅವಳೊಬ್ಬಳೇ, ಆದರೆ ಅವಳ ನೋವನ್ನು ಯಾರೂ ಕೇಳುವುದಿಲ್ಲ. ಗೆಳೆಯರಿಬ್ಬರ ದೇಹ ತೆಗೆದುಕೊಂಡು, ನರುಟೊ ಕೈಗೆ ಕಾಗದದ ಹೂಗುಚ್ಛ ಕೊಟ್ಟು ಹೋಗುತ್ತಾಳೆ.

ಊರಿನವರನ್ನು ಕಾಪಾಡಿದ್ದು ಅಂತ ಹೇಳಬೇಕಾದರೆ ಕೊನೋಹಾದ ಮುಖ್ಯಸ್ಥೆ ಸುನಾದೆಯ ಕಾತ್ಸುಯು, ಚಿಪ್ಪಿಲ್ಲದ ದೈತ್ಯ ಬಸವನಹುಳು. ಶನಿವಾರಸಂತೆ ಕಡೆಯ ಬೆಳೆಗಾರರಿಗೆ ಈ ದೃಶ್ಯ ತೋರಿಸಬೇಡಿ, ತೋಟಕ್ಕೆ ಬಸವನಹುಳು ಬಿದ್ದು ಸೋತಿದ್ದಾರೆ.

ನನ್ನ ಮಗನಿಗೆ ಒಂಬತ್ತು ವರ್ಷ. ನೋಡಲು ಬಿಡಬಹುದಾ?
– ತಾಯಿ, ಸೋಮವಾರಪೇಟೆ

ಈ ಭಾಗವನ್ನು ಬೇಡ ಅಕ್ಕ. ಮೊದಲಿನ ನರುಟೊ ಕಂತುಗಳನ್ನು ನೀವೂ ಪಕ್ಕದಲ್ಲಿ ಕೂತು ನೋಡುವುದಾದರೆ ಸರಿ. ರಕ್ತಕ್ಕಿಂತ ಜಾಸ್ತಿ ಕಾಡುವುದು ಯಾಹಿಕೊ ಸಾಯುವ ಥರದ ದೃಶ್ಯಗಳು. ಜಿರಾಯಾ ಬರೆಯುವ ಪೋಲಿ ಪುಸ್ತಕಗಳ ಬಗ್ಗೆ ಮಗ ಕೇಳಿದರೆ ಉತ್ತರ ಈಗಲೇ ತಯಾರು ಮಾಡಿಟ್ಟುಕೊಳ್ಳಿ.

ಶಿಪ್ಪುಡೆನ್ 500 ಕಂತು ಅಂತೆ, ಅಷ್ಟು ಡೇಟಾ ಎಲ್ಲಿಂದ ತರಲಿ? ಪೇನ್ ಮಾತ್ರ ನೋಡಬೇಕು.
– ಆಟೋ ಚಾಲಕ, ಮಡಿಕೇರಿ

ಅಣ್ಣ, 127ರಿಂದ 133ರವರೆಗೆ ನೋಡಿ, ಅದು ಜಿರಾಯಾನ ಕಥೆ ಮತ್ತು ಸಾವು. ಅದನ್ನು ಬಿಟ್ಟರೆ ಮುಂದಿನದಕ್ಕೆ ಅರ್ಥ ಇಲ್ಲ. ಆಮೇಲೆ 152ಕ್ಕೆ ಹಾರಿ, 169ರವರೆಗೆ ಹೋಗಿ. 170 ಮತ್ತು 171 ಬಿಟ್ಟುಬಿಡಿ. ಮಾಂಗಾದಲ್ಲಿ ಇಲ್ಲದ ಫಿಲ್ಲರ್ ಅವು, ಕಥೆಯ ನಟ್ಟನಡುವೆ ಯಾವುದೋ ಹಳೇ ಸಾಹಸದ ಕಥೆ ತುರುಕಿದ್ದಾರೆ. ಉಸಿರು ಬಿಗಿಹಿಡಿದು ಕೂತವನ ಕೈಗೆ ಕಡ್ಲೆಕಾಯಿ ಪೊಟ್ಟಣ ಕೊಟ್ಟ ಹಾಗೆ. 172ರಿಂದ 175. ಒಟ್ಟು 29 ಕಂತು. ಮನೆಯಲ್ಲಿ ವೈಫೈ ಇರುವ ಗೆಳೆಯರು ಯಾರಾದರೂ ಇದ್ದರೆ ಭಾನುವಾರ ಅಲ್ಲಿಗೆ ಹೋಗಿ ಇಳಿಸಿಕೊಳ್ಳಿ, 167 ಮಾತ್ರ ದೊಡ್ಡ ಪರದೆಯಲ್ಲಿ ನೋಡಿ.