ಸಿಸ್ಟರ್, ನನಗ್ಯಾಕೆ ಅಳು ಬರ್ತಿಲ್ಲ?

ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದವರು: ಸರ್ಕಾರಿ ಆಸ್ಪತ್ರೆಗಳಲ್ಲಿ 33 ವರ್ಷ ದುಡಿದು ನಿವೃತ್ತರಾದ ಶುಶ್ರೂಷಾ ಅಧೀಕ್ಷಕಿ

ಪ್ರಶ್ನೆ: ನಮಸ್ತೆ ಸಿಸ್ಟರ್. ನನಗೆ 29 ವರ್ಷ. ಊರು ಹಾಸನದ ಕಡೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಆರು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ರಾತ್ರಿ ಹೊತ್ತು ಮೂರು ರೋಗಿಗೆ ನಾನೊಬ್ಬಳೇ, ಅದರಲ್ಲಿ ಇಬ್ಬರಾದರೂ ವೆಂಟಿಲೇಟರ್ ಮೇಲೆ ಇರ್ತಾರೆ. ಹೋದ ತಿಂಗಳು ಬೆಳಗಿನ ಜಾವ ಒಬ್ಬ ಅಜ್ಜ ತೀರಿಕೊಂಡರು. ಹನ್ನೊಂದು ದಿನ ನೋಡಿಕೊಂಡಿದ್ದೆ. ಪ್ರಜ್ಞೆ ಇದ್ದಾಗ ನನ್ನನ್ನು 'ಪುಟ್ಟಿ' ಅಂತಿದ್ದರು. ಅವರು ಹೋದಾಗ ನನಗೆ ಮೊದಲು ಹೊಳೆದಿದ್ದು 'ಮುಂದಿನ ಶಿಫ್ಟ್‌ನವರಿಗೆ ಹ್ಯಾಂಡೋವರ್ ಕೊಡೋಕೆ ಒಂದು ಗಂಟೆ ಇದೆ, ಇನ್ನು ಬಾಡಿ ಪ್ಯಾಕ್ ಮಾಡಬೇಕು, ಫೈಲ್ ಮುಗಿಸಬೇಕು' ಅಂತ. ಅವರ ಮಗಳು ನನ್ನ ಕೈ ಹಿಡಿದು ಅತ್ತರು. ಯಾವಾಗ ಕೈ ಬಿಡ್ತಾರೋ ಅನಿಸಿತು. ಮೊದಲು ನಾನು ಹೀಗಿರಲಿಲ್ಲ. ಆಫ್ ಇದ್ದ ದಿನ ಕರೆಸಿ ಒತ್ತಡ ನಿರ್ವಹಣೆಯ ಶಿಬಿರ ಮಾಡಿದರು, ಪ್ರಾಣಾಯಾಮ ಹೇಳಿಕೊಟ್ಟರು. ಗಂಡ 'ಕೆಲಸ ಬಿಟ್ಟುಬಿಡು' ಅಂತಾರೆ. ಸಾಲದ ಕಂತು ಯಾರು ಕಟ್ಟೋದು? ನನ್ನ ಮನಸ್ಸು ಕಲ್ಲಾಗಿಬಿಟ್ಟಿದೆಯಾ?

ಉತ್ತರ: ಮಗೂ, ಮೊದಲು ಆ ಶಿಬಿರದ ಮಾತು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ. ನಿದ್ದೆಗೆಟ್ಟವಳ ಆಫ್ ಕಿತ್ತುಕೊಂಡು ಅವಳಿಗೆ ಉಸಿರಾಡುವುದು ಕಲಿಸುತ್ತಾರಲ್ಲ! ಪ್ರಾಣಾಯಾಮ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ನೀನು ಎಷ್ಟು ದೀರ್ಘವಾಗಿ ಉಸಿರೆಳೆದುಕೊಂಡರೂ ಮೂರು ರೋಗಿಗೆ ಒಬ್ಬಳು ಎಂಬ ಲೆಕ್ಕ ಬದಲಾಗುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಭ್ಯಾಸ ಮಾಡಿದ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಅಂಕಿಯಲ್ಲೇ ತೋರಿಸಿದರು. ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆ ಹೀಗೆ ಬತ್ತಿಹೋಗುವ ಸಂಭವ ಶೇ 23ರಷ್ಟು ಏರುತ್ತಿತ್ತು. ಶಸ್ತ್ರಚಿಕಿತ್ಸೆಗೆ ಬಂದ ರೋಗಿ 30 ದಿನದೊಳಗೆ ಸಾಯುವ ಸಂಭವವೂ ಶೇ 7ರಷ್ಟು ಏರುತ್ತಿತ್ತು. ಎರಡೂ ಒಂದೇ ಹಗ್ಗದ ಎರಡು ತುದಿ.

ನಿನ್ನ ಈ ಸ್ಥಿತಿಗೆ ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆಂದು ಕರೆಯದೆ, ಕೆಲಸಕ್ಕೆ ಅಂಟಿದ ಸ್ಥಿತಿ ಎಂದು ಬರೆಯಿತು. ಮೈಮನಸ್ಸಿನ ಶಕ್ತಿ ಸೋರಿಹೋಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಎಷ್ಟು ಮಾಡಿದರೂ ಕೈಹತ್ತುತ್ತಿಲ್ಲ ಎನಿಸುವುದು, ಇವು ಅದರ ಗುರುತು. ನಿನ್ನ ಕಾಗದದಲ್ಲಿ ಎರಡನೆಯದು ಎದ್ದು ಕಾಣುತ್ತದೆ.

ಅದು ನನಗೂ ಗೊತ್ತು. 1991ರಲ್ಲಿ ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿದ್ದೆ. ಬರುವವರು ಹೆಚ್ಚಾಗಿ ಹೊಸದಾಗಿ ಮದುವೆಯಾದ ಹುಡುಗಿಯರು. ಸ್ಟೌ ಸಿಡಿಯಿತು ಎಂದು ಕೇಸ್ ಶೀಟಿನಲ್ಲಿ ಬರೆಯುತ್ತಿದ್ದರು. (ಎಲ್ಲ ಸ್ಟೌಗಳೂ ತಾವಾಗಿಯೇ ಸಿಡಿದವಲ್ಲ ಎನ್ನುವುದು ವಾರ್ಡಿನ ಗೋಡೆಗೂ ಗೊತ್ತಿತ್ತು.) ಡ್ರೆಸಿಂಗ್ ಬಿಚ್ಚುವಾಗಿನ ಕೂಗು ಮೊದಮೊದಲು ನನ್ನ ಹಿಂದೆ ಮನೆಯವರೆಗೂ ಬರುತ್ತಿತ್ತು. ಆರು ತಿಂಗಳಲ್ಲಿ ಅದು ಕೇಳಿಸುವುದೇ ನಿಂತುಹೋಯಿತು. ಹುಡುಗಿಯರ ಹೆಸರೂ ಹೋಗಿ 'ನಾಲ್ಕನೇ ಬೆಡ್', ಮೈ ಎಷ್ಟು ಸುಟ್ಟಿದೆ ಎಂಬ 'ಅರವತ್ತು ಪರ್ಸೆಂಟ್' ಇಷ್ಟೇ ಉಳಿಯಿತು. ಒಂದು ದಿನ ಒಬ್ಬ ತಾಯಿ ಬಂದು 'ನನ್ನ ಮಗಳು ಹೆಂಗದಾಳ್ರೀ ಅಕ್ಕಾರ?' ಎಂದಳು. ನಾನು ತಲೆ ಎತ್ತದೆ 'ಯಾವ ಬೆಡ್?' ಎಂದೆ.

ನಮ್ಮ ವಾರ್ಡಿನ ಆಯಾ ಅದನ್ನು ಕೇಳಿಸಿಕೊಂಡಳು. ಓದು ಬರಹ ಇಲ್ಲದವಳು. ಮಧ್ಯಾಹ್ನ ನನ್ನನ್ನು ಲಿನನ್ ರೂಮಿಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ತನ್ನ ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. 'ಮೊದ್ಲ ಉಣ್ಣಬೇ. ಆ ಡ್ರೆಸಿಂಗ್ ಹತ್ತು ನಿಮಿಷ ಕಾಯ್ತೈತಿ.' ನಾನು ಉಣ್ಣುತ್ತಿದ್ದರೆ ಅವಳು ಆ ತಿಂಗಳು ಹೋದ ಹುಡುಗಿಯರ ಹೆಸರು ಒಂದೊಂದಾಗಿ ಹೇಳುತ್ತ ಹೋದಳು. ಯಾವ ಊರು, ಎಷ್ಟನೇ ಮಗಳು, ಯಾರು ಕೊನೆಗೆ ಎಳನೀರು ಕೇಳಿದಳು, ಎಲ್ಲ ಅವಳಿಗೆ ನೆನಪಿತ್ತು. ಮೂರನೇ ಹೆಸರಿಗೆ ರೊಟ್ಟಿ ಗಂಟಲಲ್ಲಿ ನಿಂತಿತು. ಅತ್ತೆ. ಅವಳು ಸಮಾಧಾನ ಹೇಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿದಳು. ಅದಾದ ವಾರಕ್ಕೆ ಮಕ್ಕಳ ವಾರ್ಡಿನ ನನ್ನ ಬ್ಯಾಚಿನವಳು ಸಿಸ್ಟರ್ ಇನ್‌ಚಾರ್ಜ್ ಹತ್ತಿರ ತಾನೇ ಕೇಳಿಕೊಂಡು ಒಂದು ತಿಂಗಳು ನನ್ನ ಜಾಗಕ್ಕೆ ಬಂದಳು, ನನ್ನನ್ನು ಅವಳ ಜಾಗಕ್ಕೆ ಕಳಿಸಿದಳು. ನಾನು ಕೆಲಸದಲ್ಲಿ ಉಳಿದದ್ದು ಇವರಿಬ್ಬರಿಂದ.

ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು: ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಲಂಡನ್ನಿನ ಒಂದು ಆಸ್ಪತ್ರೆಯ ನರ್ಸುಗಳ ಬಗ್ಗೆ 1960ರಲ್ಲೇ ಇದನ್ನು ಬರೆದಿದ್ದರು. ಅಲ್ಲಿಯೂ ರೋಗಿಗೆ ಹೆಸರಿಲ್ಲ, 'ಹತ್ತನೇ ಬೆಡ್ಡಿನ ಲಿವರ್' ಅಷ್ಟೇ. ರೋಗಿಯ ಸಂಕಟ ನರ್ಸಿಗೆ ತಾಕದಿರಲಿ ಎಂದು ಆಸ್ಪತ್ರೆಯ ಪದ್ಧತಿಯೇ ಹೀಗೆ ಗೋಡೆ ಕಟ್ಟುತ್ತದೆ, ಆದರೆ ಗೋಡೆ ಕಟ್ಟಿದರೂ ಒಳಗಿನ ಕಳವಳ ತಗ್ಗುವುದಿಲ್ಲ, ಕೆಲಸದಿಂದ ಸಿಗಬೇಕಾದ ತೃಪ್ತಿ ಮಾತ್ರ ಹೋಗುತ್ತದೆ ಎಂಬುದು ಆಕೆಯ ಮಾತು. ನಿನ್ನೊಳಗೆ ಕಲ್ಲು ಅಂತ ನಿನಗೆ ಕಾಣುತ್ತಿರುವುದು ಆ ಗೋಡೆ. ಅದನ್ನು ನೀನೊಬ್ಬಳೇ ಕಟ್ಟಿದ್ದಲ್ಲ, ಹಾಗಾಗಿ ಒಬ್ಬಳೇ ಕೆಡವಲೂ ಆಗುವುದಿಲ್ಲ.

ಆ ರಾತ್ರಿ ನಿನ್ನ ಜೊತೆ ಡ್ಯೂಟಿಯಲ್ಲಿ ಇನ್ನೊಬ್ಬಳು ಇದ್ದಿರಲೇಬೇಕು, ಪಕ್ಕದ ಬೆಡ್‌ಗಳಿಗೆ. ಅವಳನ್ನು ಹ್ಯಾಂಡೋವರ್ ಮುಗಿದ ಮೇಲೆ ಟೀ ಅಂಗಡಿಗೆ ಕರೆದುಕೊಂಡು ಹೋಗು. ಆ ಅಜ್ಜನ ಹೆಸರು ಹೇಳು. 'ಪುಟ್ಟಿ' ಅಂತಿದ್ದರು ಎಂದು ಹೇಳು. ಅವಳೂ ಒಂದು ಹೆಸರು ಹೇಳುತ್ತಾಳೆ, ನೋಡು. ಗಂಡನಿಗೆ ಇದು ಅರ್ಥವಾಗಲಿಲ್ಲ ಎಂದು ಬೇಸರ ಬೇಡ. ಮಾನಿಟರ್ ಅಲಾರಂ ಕನಸಿನಲ್ಲೂ ಕೇಳುವವರಿಗಷ್ಟೇ ತಿಳಿಯುವ ಮಾತು ಇದು.

ಆದರೆ ಟೀಯಿಂದ ರೋಸ್ಟರ್ ಬದಲಾಗುವುದಿಲ್ಲ. ದಿನಾ ಒಂದು ಚಿಕ್ಕ ಡೈರಿಯಲ್ಲಿ ಬರೆದಿಡು: ಈ ಶಿಫ್ಟ್‌ನಲ್ಲಿ ಎಷ್ಟು ರೋಗಿ, ಎಷ್ಟು ವೆಂಟಿಲೇಟರ್, ಎಷ್ಟು ಜನ ನಾವು, ಊಟಕ್ಕೆ ಕೂತೆವೋ ಇಲ್ಲವೋ. ರೋಗಿಯ ಹೆಸರು ಅದರಲ್ಲಿ ಬೇಡ. ಒಂದು ತಿಂಗಳಾದ ಮೇಲೆ ನಾಲ್ಕೈದು ಜನ ಸೇರಿ, ಸಹಿ ಹಾಕಿ, ಇನ್‌ಚಾರ್ಜ್ ಸಿಸ್ಟರ್‌ಗೆ ಕೊಡಿ. ಒಬ್ಬಳು ಹೋದರೆ 'ಅವಳಿಗೆ ಆಗಲ್ಲ' ಎನ್ನುತ್ತಾರೆ, ಐದು ಜನ ಹೋದರೆ ಲೆಕ್ಕ ನೋಡುತ್ತಾರೆ. ಸಾವಾದ ಮೇಲೆ ಹತ್ತು ನಿಮಿಷ ಯಾರಾದರೂ ನಿಮ್ಮ ಬೆಡ್ ನೋಡಿಕೊಳ್ಳಲಿ ಎಂದು ಕೇಳಿ. ಎರಡು ತಿಂಗಳು ಡಯಾಲಿಸಿಸ್‌ಗೋ ಓಪಿಡಿಗೋ ಹಾಕಿ ಎಂದು ನೀನು ಬೇರೆಯಾಗಿ ಕೇಳು. ಇನ್‌ಚಾರ್ಜ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಾನೂ ಆ ಕುರ್ಚಿಯಲ್ಲಿ ಕೂತವಳು, ಅಲ್ಲಿಗೆ ಮೇಲಿನಿಂದಲೂ ಬೀಳುತ್ತದೆ, ಕೆಳಗಿನಿಂದಲೂ. ಯಾವುದಕ್ಕೂ ಒಪ್ಪದಿದ್ದರೆ ಬೇರೆ ಆಸ್ಪತ್ರೆ ಹುಡುಕು. ನರ್ಸಿಂಗ್ ಬಿಡುವುದಕ್ಕೂ ಆಸ್ಪತ್ರೆ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಗಂಡನಿಗೂ ಅದನ್ನು ಹೇಳು.

ಇನ್ನೊಂದು. ಆಫ್ ಇದ್ದ ದಿನವೂ, ಊರಿಗೆ ಹೋದಾಗಲೂ ಯಾವುದರಲ್ಲೂ ಖುಷಿ ಇಲ್ಲದೆ ಎರಡು ವಾರ ಕಳೆದರೆ, ಅಥವಾ ಸಾಯುವ ಯೋಚನೆ ಒಮ್ಮೆಯಾದರೂ ಬಂದರೆ, ಆಗ ಇದು ಬರೀ ಕೆಲಸದ ಬಳಲಿಕೆಯಲ್ಲ. ಮನೋವೈದ್ಯರನ್ನು ನೋಡಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ನೈಟ್ ಡ್ಯೂಟಿಯವರಿಗೆ ಬೆಳಗಿನ ಜಾವ ಮೂರಕ್ಕೂ ಫೋನ್ ಎತ್ತುವವರು ಬೇಕಲ್ಲ.

ಪ್ರಶ್ನೆ: ನನ್ನ ಹೆಂಡತಿ ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ನೈಟ್ ಮುಗಿಸಿ ಬಂದರೆ ಮಾತೇ ಇಲ್ಲ. 'ಏನಾಯ್ತು' ಅಂತ ಕೇಳಿದರೆ ಸಿಡುಕುತ್ತಾಳೆ. ನಾನೇನು ಮಾಡಲಿ ಮೇಡಂ?

ಉತ್ತರ: ಕೇಳಬೇಡಿ ಸ್ವಾಮಿ. ಬರುವ ಹೊತ್ತಿಗೆ ಗೀಸರ್ ಹಾಕಿಡಿ. ತಿಂಡಿ ನೀವೇ ಮಾಡಿ, ದಾವಣಗೆರೆಯವರಿಗೆ ಒಗ್ಗರಣೆ ಮಂಡಕ್ಕಿ ಹೇಳಿಕೊಡಬೇಕೇ? ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿ, ಮಧ್ಯಾಹ್ನದವರೆಗೆ ಮಿಕ್ಸಿ ತಿರುಗುವುದು ಬೇಡ. 'ಹಗಲೆಲ್ಲ ಮಲಗಿರ್ತಾಳಲ್ಲ' ಎನ್ನುವ ನೆಂಟರಿಗೆ ನೀವು ಉತ್ತರ ಕೊಡಿ, ಅವಳಿಂದ ಕೊಡಿಸಬೇಡಿ. ನಾಲ್ಕಕ್ಕೆ ಎದ್ದಾಗ ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಮೊಬೈಲು ಒಳಗೇ ಇರಲಿ.